ಅಪ್ಪನ ಕೋವಿ ನಿಮ್ಮ ಹೆಸರಿಗೆ ಆಗಬೇಕೆ? ಮೊದಲು ಠಾಣೆಗೆ ಒಪ್ಪಿಸಿ

ಪರವಾನಗಿದಾರ ತೀರಿಕೊಂಡರೆ ಪರವಾನಗಿಯೂ ಅಂದಿಗೇ ಮುಗಿಯಿತು. ಪರವಾನಗಿ ಪುಸ್ತಕದಲ್ಲಿ ಇನ್ನೂ ಎರಡು ವರ್ಷ ಅವಧಿ ಬಾಕಿ ಇದೆಯಲ್ಲ ಎಂದು ಮನೆಯವರು ಕೋವಿಯನ್ನು ಅಟ್ಟದ ಮೇಲೆಯೇ ಬಿಟ್ಟಿರುವುದು ಮಲೆನಾಡು, ಕರಾವಳಿಯಲ್ಲಿ ಹೊಸದೇನಲ್ಲ. ಗದ್ದೆ, ತೋಟ, ಮನೆ ವಾರಸಿನಿಂದ ಬರುತ್ತವೆ. ಕೋವಿಯ ವಿಷಯ ಬೇರೆ: ಅದರ ಬೆಲೆಯ ಮೇಲೆ ನಿಮಗೆ ಹಕ್ಕಿದೆ, ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಕ್ಕು ನಿಮ್ಮ ಹೆಸರಿಗೆ ಪರವಾನಗಿ ಬಂದ ಮೇಲಷ್ಟೇ. ಅಲ್ಲಿಯವರೆಗೆ ಅದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಕಣ್ಣಲ್ಲಿ ಪರವಾನಗಿ ಇಲ್ಲದ ಬಂದೂಕು. 2019ರ ತಿದ್ದುಪಡಿಯ ನಂತರ ಈ ತಪ್ಪಿಗೆ ಎರಡರಿಂದ ಐದು ವರ್ಷ ಜೈಲು, ಜೊತೆಗೆ ದಂಡ. ತೋಟೆಗಳಿಗೂ ಇದೇ ಅನ್ವಯ. ಕೋವಿ ಒಪ್ಪಿಸಿ ತೋಟೆಯ ಪೆಟ್ಟಿಗೆ ಮರೆತವರೂ ಸಿಕ್ಕಿಬೀಳುತ್ತಾರೆ.

ಕಾಯ್ದೆಯ 21ನೇ ಸೆಕ್ಷನ್ ಹೇಳುವುದು ಇಷ್ಟೆ: ಇಟ್ಟುಕೊಳ್ಳುವ ಹಕ್ಕು ಹೋದ ಆಯುಧವನ್ನು ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಗೋ ಪರವಾನಗಿ ಪಡೆದ ಬಂದೂಕು ವ್ಯಾಪಾರಿಗೋ ಒಪ್ಪಿಸಬೇಕು. ದಿನಗಳ ಲೆಕ್ಕ ಹಾಕುತ್ತ ಕೂರಬೇಡಿ. ತಿಥಿ ಮುಗಿದ ವಾರದಲ್ಲೇ ಈ ಕೆಲಸ ಮುಗಿಸುವುದು ಒಳ್ಳೆಯದು.

ಮುಟ್ಟುವ ಮುನ್ನ

ಕೋವಿ ಖಾಲಿ ಇದೆ ಎಂದು ಯಾರು ಹೇಳಿದರೂ ನಂಬಬೇಡಿ. ನಳಿಗೆ ಮಡಚುವ ತೋಟೆ ಕೋವಿಯಾದರೆ, ಒಂಟಿ ನಳಿಗೆಯದಿರಲಿ ಜೋಡು ನಳಿಗೆಯದಿರಲಿ, ಬಾಯಿಯನ್ನು ಜನರಿಲ್ಲದ ಕಡೆ ನೆಲಕ್ಕೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರ ಇಟ್ಟು, ಮೇಲಿನ ಕೀಲಿ ಸರಿಸಿ ನಳಿಗೆ ಬಗ್ಗಿಸಿ. ತೋಟೆ ಇದ್ದರೆ ಹಿಂಬದಿಯ ಹಿತ್ತಾಳೆ ತಳ ಕಣ್ಣಿಗೇ ಕಾಣುತ್ತದೆ. ತೆಗೆದು ಬೇರೆ ಇಡಿ.

ತಾಪತ್ರಯ ಇರುವುದು ಕೇಪಿನ ಕೋವಿಯಲ್ಲಿ. ಮಸಿ (ಕೋವಿಯ ಮದ್ದಿನ ಪುಡಿ), ಗುಂಡುಗಳನ್ನು ಬಾಯಿಯಿಂದ ತುಂಬಿ ಗಜ ಎಂಬ ಉದ್ದ ಕೋಲಿನಿಂದ ಗಟ್ಟಿಸುವ ಈ ಕೋವಿಯಲ್ಲಿ ಒಳಗೆ ಏನಿದೆ ಎಂದು ನೋಡಲು ಕಿಂಡಿಯೇ ಇಲ್ಲ. ಹಂದಿ ಬಂದರೆ ಇರಲಿ ಎಂದು ಹಿರಿಯರು ತುಂಬಿಟ್ಟದ್ದು ವರ್ಷಗಟ್ಟಲೆ ಹಾಗೇ ಉಳಿದಿರಬಹುದು. ಮಳೆಗಾಲದಲ್ಲಿ ತೇವ ಕುಡಿದ ಮಸಿ ಸತ್ತಿದೆ ಎಂದುಕೊಳ್ಳುವುದೂ ತಪ್ಪು, ಒಣಗಿದ ಮೇಲೆ ಅದು ಮತ್ತೆ ಹೊತ್ತಿಕೊಳ್ಳಬಲ್ಲದು. ಹ್ಯಾಮರ್‌ನ ಅಡಿಯಲ್ಲಿ ಕೇಪು, ಅಂದರೆ ಹ್ಯಾಮರ್ ಬಡಿದಾಗ ಕಿಡಿ ಹಾರಿಸಿ ಮಸಿ ಹೊತ್ತಿಸುವ ಪುಟ್ಟ ಲೋಹದ ಟೊಪ್ಪಿ, ಕೂತಿದ್ದರೆ ಕೈ ಹಚ್ಚಬೇಡಿ. ಠಾಣೆಗೆ ತಿಳಿಸಿ ಬಲ್ಲವರನ್ನು ಕರೆಸಿ. ಕೇಪು ಇಲ್ಲದಿದ್ದರೆ, ಬಾಯಿಯ ಎದುರು ಮುಖವಾಗಲಿ ಅಂಗೈಯಾಗಲಿ ಬಾರದಂತೆ ಪಕ್ಕಕ್ಕೆ ನಿಂತು, ತೆಳು ಬಿದಿರು ಕಡ್ಡಿಯೊಂದನ್ನು ನಳಿಗೆಯೊಳಗೆ ನಿಧಾನವಾಗಿ ಇಳಿಬಿಡಿ. ಕಡ್ಡಿ ನಿಂತ ಜಾಗದಲ್ಲಿ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ಅಳೆಯಿರಿ. ಕೇಪು ಕೂರಿಸುವ ಮೊಳೆಯ ಹತ್ತಿರದವರೆಗೂ ಹೋಗಿದ್ದರೆ ಖಾಲಿ. ಮೂರು ನಾಲ್ಕು ಬೆರಳು ಮೊದಲೇ ನಿಂತಿದ್ದರೆ ಒಳಗೆ ಮದ್ದಿದೆ ಎಂದೇ ಲೆಕ್ಕ. ಕೆದಕುವುದು, ಕಬ್ಬಿಣದ ಸರಳು ಹಾಕುವುದು, 'ಒಂದು ಈಡು ಹೊಡೆದು ಖಾಲಿ ಮಾಡೋಣ' ಎನ್ನುವುದು ಯಾವುದೂ ಬೇಡ. ಕೊನೆಯದಂತೂ ಪರವಾನಗಿ ಇಲ್ಲದೆ ಗುಂಡು ಹಾರಿಸಿದ ಪ್ರಕರಣವಾಗುತ್ತದೆ.

ಇನ್ನೊಂದು ಎಚ್ಚರಿಕೆ. ತುಕ್ಕು ಹಿಡಿದ ಕೋವಿಯನ್ನು ಚಂದ ಮಾಡಿ ಒಪ್ಪಿಸುವ ಉತ್ಸಾಹದಲ್ಲಿ ಮರಳು ಕಾಗದ ಹಿಡಿಯಬೇಡಿ. ನಳಿಗೆಯ ಬುಡದಲ್ಲೋ ಕೀಲಿನ ಪಕ್ಕದಲ್ಲೋ ಕೊರೆದ ಸಂಖ್ಯೆ ಇರುತ್ತದೆ. ಹಳೆಯ ನಾಡಕೋವಿಗಳಲ್ಲಿ ಅದು ಮೊದಲೇ ಸವೆದಿರುತ್ತದೆ. ಸಂಖ್ಯೆ ಅಳಿಸಿದ ಆಯುಧ ಯಾರ ಬಳಿ ಸಿಗುತ್ತದೋ ಅವರೇ ಅಳಿಸಿದ್ದಾರೆ ಎಂದು 8ನೇ ಸೆಕ್ಷನ್ ಊಹಿಸುತ್ತದೆ. ಅಲ್ಲ ಎಂದು ರುಜುವಾತು ಮಾಡುವ ಹೊಣೆ ನಿಮ್ಮದು. ಹತ್ತಿ ಬಟ್ಟೆಗೆ ಎಣ್ಣೆ ಸವರಿ ಒರೆಸಿದರೆ ಸಾಕು.

ಠಾಣೆಯೋ, ಅಂಗಡಿಯೋ?

ಹೆಗಲಿಗೆ ಹಾಕಿಕೊಂಡು ಬೈಕ್ ಹತ್ತುವ ಮೊದಲು ಠಾಣೆಗೆ ಒಂದು ಪತ್ರ ಕೊಡಿ: ಪರವಾನಗಿದಾರರು ಇಂಥ ದಿನ ನಿಧನರಾಗಿದ್ದಾರೆ, ಆಯುಧ ಮನೆಯಲ್ಲಿದೆ, ಒಪ್ಪಿಸಲು ಸಿದ್ಧರಿದ್ದೇವೆ. ಪತ್ರದ ನಕಲಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಹೇಗೆ ತರಬೇಕೆಂದು ಅವರನ್ನೇ ಕೇಳಿ. ದಾರಿಯಲ್ಲಿ ತಪಾಸಣೆ ಆದರೆ ಕೈಯಲ್ಲಿರುವ ಆಧಾರ ಆ ನಕಲು ಒಂದೇ.

ಠಾಣೆಯಲ್ಲಿ ಇಡುವುದಕ್ಕೆ ಖರ್ಚಿಲ್ಲ, ಆದರೆ ಕೋಣೆಯ ಮೂಲೆಯಲ್ಲಿ ಒಂದು ಮಳೆಗಾಲ ಕಳೆದರೆ ನಳಿಗೆಗೆ ತುಕ್ಕು ಗ್ಯಾರಂಟಿ. ವ್ಯಾಪಾರಿ ತಿಂಗಳ ಬಾಡಿಗೆ ತೆಗೆದುಕೊಳ್ಳುತ್ತಾನೆ, ಎಣ್ಣೆ ಹಚ್ಚಿ ಇಡುತ್ತಾನೆ. ಒಳ್ಳೆಯ ಜೋಡು ನಳಿಗೆ ಕೋವಿಯಾದರೆ ಬಾಡಿಗೆ ಕೊಡುವುದೇ ಲೇಸು. ಎಲ್ಲಿಟ್ಟರೂ ಚರ್ಮದ ಇಲ್ಲವೇ ಕ್ಯಾನ್ವಾಸ್ ಚೀಲದಲ್ಲಿ ಬಿಡಬೇಡಿ, ಅದು ತೇವವನ್ನು ಒಳಗೇ ಹಿಡಿದಿಡುತ್ತದೆ.

ರಸೀದಿಯಲ್ಲಿ 'ಒಂದು ಬಂದೂಕು' ಎಂದು ಬರೆದರೆ ಒಪ್ಪಬೇಡಿ. ತಯಾರಕರ ಹೆಸರು, ನಳಿಗೆ ಎಷ್ಟು, ಬೋರ್ (ನಳಿಗೆಯ ಒಳಅಳತೆ) ಎಷ್ಟು, ಸಂಖ್ಯೆ, ತೋಟೆಗಳ ಎಣಿಕೆ, ಹಿಡಿಯ ಮರ ಸೀಳಿದ್ದರೆ ಅದು ಕೂಡ ದಾಖಲಾಗಬೇಕು. ಪರವಾನಗಿ ಪುಸ್ತಕದಲ್ಲಿರುವ ಸಂಖ್ಯೆಗೂ ನಳಿಗೆಯ ಸಂಖ್ಯೆಗೂ ತಾಳೆ ನೋಡುವ ಸಮಯವೂ ಇದೇ. 3 ಎಂದಿರುವುದನ್ನು ಹಿಂದೆ ಯಾರೋ 8 ಎಂದು ಬರೆದಿರುತ್ತಾರೆ, ಪ್ರತಿ ನವೀಕರಣದಲ್ಲೂ ಅದೇ ನಕಲಾಗಿರುತ್ತದೆ. ಈ ವ್ಯತ್ಯಾಸವನ್ನು ಈಗಲೇ ಲಿಖಿತವಾಗಿ ತೋರಿಸಿ. ಮುಂದೆ ಕಡತ ನಿಲ್ಲುವುದೇ ಇಲ್ಲಿ. ಪುಸ್ತಕದಲ್ಲಿ ಶಸ್ತ್ರಾಸ್ತ್ರ ಪರವಾನಗಿಗಳ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್, ಇದೆಯೇ ಎಂದೂ ನೋಡಿ. ಇಲ್ಲದಿದ್ದರೆ ಆ ಪರವಾನಗಿಯ ಸಿಂಧುತ್ವವೇ ಪ್ರಶ್ನೆಯಾಗುತ್ತದೆ. ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಶಾಖೆಯಲ್ಲಿ ವಿಚಾರಿಸದೆ ಮುಂದೆ ಹೋಗಬೇಡಿ.

ಮಕ್ಕಳಲ್ಲಿ ಯಾರು?

ಅರ್ಜಿ ಹಾಕುವುದು ಒಬ್ಬರೇ. ಅವರಿಗೆ 21 ವರ್ಷ ತುಂಬಿರಬೇಕು, ಮಗಳೂ ಆಗಬಹುದು. ಅರ್ಜಿದಾರರ ಹೆಸರಲ್ಲಿ ಈಗಾಗಲೇ ಎರಡು ಬಂದೂಕು ಇದ್ದರೆ ಮೂರನೆಯದು ಸಿಗುವುದಿಲ್ಲ. 2019ಕ್ಕೆ ಮೊದಲು ಮೂರರವರೆಗೆ ಅವಕಾಶವಿತ್ತು, ಈಗ ಮಿತಿ ಎರಡು, ವಾರಸಿನ ಆಯುಧಕ್ಕೂ ವಿನಾಯಿತಿ ಇಲ್ಲ.

ತಾಯಿ ಮತ್ತು ಉಳಿದ ಮಕ್ಕಳೆಲ್ಲರ ನಿರಾಕ್ಷೇಪಣಾ ಪತ್ರ ಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರನ್ನು ಬಿಟ್ಟು ಬರೀ ಅಣ್ಣತಮ್ಮಂದಿರ ಸಹಿ ತರುವುದು ಮಾಮೂಲಿ ತಪ್ಪು. ನಾಡಕಚೇರಿಯ ವಂಶವೃಕ್ಷದಲ್ಲಿ ಹೆಸರಿರುವ ಪ್ರತಿಯೊಬ್ಬರ ಸಹಿಯನ್ನೂ ಕೇಳುತ್ತಾರೆ. ದುಬೈಯಲ್ಲಿರುವ ತಮ್ಮನ ಪತ್ರಕ್ಕೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣ ಬೇಕಾಗಬಹುದು, ಅದಕ್ಕೆ ಸಮಯ ಇಟ್ಟುಕೊಳ್ಳಿ.

ಯಾರು ಎಂದು ನಿರ್ಧರಿಸುವಾಗ ವಾಸಸ್ಥಳವೂ ಮುಖ್ಯ. ಪರವಾನಗಿ ಕೊಡುವವರು ಜಿಲ್ಲೆಗಳಲ್ಲಿ ಜಿಲ್ಲಾಧಿಕಾರಿ, ಬೆಂಗಳೂರು, ಮೈಸೂರು, ಮಂಗಳೂರಿನಂಥ ಕಮಿಷನರೇಟ್‌ಗಳಲ್ಲಿ ಪೊಲೀಸ್ ಆಯುಕ್ತರು. ಬೆಂಗಳೂರಿನ ಫ್ಲಾಟ್‌ನ ವಿಳಾಸ ಕೊಟ್ಟು 'ಬೆಳೆ ರಕ್ಷಣೆಗೆ' ಎಂದು ಬರೆದರೆ ಅರ್ಜಿ ನಿಲ್ಲುವುದಿಲ್ಲ. ಊರಲ್ಲಿದ್ದು ತೋಟ ನೋಡಿಕೊಳ್ಳುವವರ ಹೆಸರಿಗೇ ಮಾಡಿಸಿ.

ಕಾಗದ ಪತ್ರ, ನಂತರ ಅರ್ಜಿ

2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮ ವಾರಸುದಾರರಿಗೆ ಸ್ವಲ್ಪ ಅನುಕೂಲವಾಗಿದೆ. ಹೊಸಬರು ಜೀವಕ್ಕೆ ಅಪಾಯ ಇದೆ ಎಂಬಂಥ ಕಾರಣ ಕೊಟ್ಟು ಮನವರಿಕೆ ಮಾಡಬೇಕಾದ ಕಡೆ, ವಾರಸುದಾರರು ಅರ್ಹತೆ ತೋರಿಸಿ, ಪೊಲೀಸ್ ವರದಿಯಲ್ಲಿ ಪ್ರತಿಕೂಲ ಮಾತು ಇಲ್ಲದಿದ್ದರೆ ಸಾಕು. ಆದ್ದರಿಂದ ಅರ್ಜಿಯಲ್ಲಿ 'ವಾರಸಿನ ಆಧಾರದ ಮೇಲೆ' ಎಂದು ಸ್ಪಷ್ಟವಾಗಿ ನಮೂದಿಸಿ. ಹೊಸ ಅರ್ಜಿ ಎಂದು ತುಂಬಿದವರು ಈ ಅನುಕೂಲವನ್ನು ತಾವೇ ಕಳೆದುಕೊಳ್ಳುತ್ತಾರೆ.

ನಮೂನೆ ಎ-1ರ ಅರ್ಜಿಯನ್ನು ಶಸ್ತ್ರಾಸ್ತ್ರ ಪರವಾನಗಿಗಳಿಗೆಂದೇ ಇರುವ ಕೇಂದ್ರ ಗೃಹ ಇಲಾಖೆಯ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್‌ನಲ್ಲಿ ತುಂಬಿ, ಮುದ್ರಿತ ಪ್ರತಿಯನ್ನು ಕಚೇರಿಗೆ ಕೊಡಬೇಕು. ಜೊತೆಗೆ ಮರಣ ಪ್ರಮಾಣ ಪತ್ರ, ವಂಶವೃಕ್ಷ, ಮೂಲ ಪರವಾನಗಿ ಪುಸ್ತಕ, ಠೇವಣಿ ರಸೀದಿ, ನಿರಾಕ್ಷೇಪಣಾ ಪತ್ರಗಳು, ವಯಸ್ಸು ಮತ್ತು ವಿಳಾಸದ ದಾಖಲೆ, ಬಿಳಿ ಹಿನ್ನೆಲೆಯ ನಾಲ್ಕು ಫೋಟೊ. ಬೆಳೆ ರಕ್ಷಣೆಗಾದರೆ ಪಹಣಿ. ದೈಹಿಕ, ಮಾನಸಿಕ ಆರೋಗ್ಯದ ಬಗ್ಗೆ ವೈದ್ಯರ ಪ್ರಮಾಣ ಪತ್ರ ನಿಗದಿತ ನಮೂನೆಯಲ್ಲೇ ಇರಬೇಕು, ಕ್ಲಿನಿಕ್ಕಿನ ಚೀಟಿ ನಡೆಯದು. ಬಂದೂಕು ಬಳಕೆಯ ತರಬೇತಿ ಪತ್ರಕ್ಕೆ ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರ ಸುಲಭದ ದಾರಿ, ಆದರೆ ಅದು ಬೇಕೆಂದಾಗ ನಡೆಯುವುದಿಲ್ಲ. ಪ್ರಕಟಣೆ ಬಂದಾಗಲೇ ಹೆಸರು ಕೊಡಿ. ಸುರಕ್ಷಿತವಾಗಿ ಇಡುವ ಬಗ್ಗೆ ಮುಚ್ಚಳಿಕೆಯನ್ನೂ ಬರೆದುಕೊಡಬೇಕು. ಬೀಗವಿರುವ ಕಬ್ಬಿಣದ ಕಪಾಟು ಮನೆಗೆ ಬಂದ ಮೇಲೆಯೇ ಅದಕ್ಕೆ ಸಹಿ ಹಾಕಿ, ಪರಿಶೀಲನೆಗೆ ಬಂದವರು ಕೇಳುವುದು ಅದನ್ನೇ.

ಈ ಕಾಗದಗಳಿಗೆ ಏಜೆಂಟರು ಕೇಳುವ ಹಣ ನೋಡಿದರೆ ಹೊಸ ಕೋವಿಯೇ ಬಂದೀತು. ಅವರು ಮಾಡುವುದೂ ಇದನ್ನೇ.

ವರದಿಯಲ್ಲಿ ಕೆಡುವುದು

ಅರ್ಜಿ ಠಾಣೆಗೆ ಹೋಗುತ್ತದೆ. ವರದಿಗೆ 30 ದಿನ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ ಎಂಬುದು ನಿಯಮದ ಲೆಕ್ಕ. ವಾಸ್ತವದಲ್ಲಿ ಇನ್ನೂ ಎಳೆಯುತ್ತದೆ, ನಡುವೆ ಚುನಾವಣೆ ಬಂದರೆ ಕೇಳುವುದೇ ಬೇಡ.

ಹಿಂಸೆಯ ಅಥವಾ ನೈತಿಕ ಅಧಃಪತನದ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಶಿಕ್ಷೆ ಮುಗಿದು ಐದು ವರ್ಷ ಪರವಾನಗಿ ಇಲ್ಲ ಎಂಬುದು ಹಲವರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದಿದೆ. ಆಸ್ತಿ ಪಾಲಿನ ಜಗಳ ಬೇಲಿಯ ಬಳಿ ಹೊಡೆದಾಡುವ ಮಟ್ಟಕ್ಕೆ ಹೋಗಿ, ಶಾಂತಿ ಕಾಪಾಡುವ ಮುಚ್ಚಳಿಕೆ ಬರೆದುಕೊಡುವಂತೆ ತಹಶೀಲ್ದಾರರ ಮುಂದೆ ಆದೇಶವಾಗಿದ್ದರೆ, ಆ ಮುಚ್ಚಳಿಕೆಯ ಅವಧಿ ಮುಗಿಯುವವರೆಗೆ ನೀವು ಅನರ್ಹರು. ಅಪ್ಪ ಸತ್ತ ಮರುವರ್ಷವೇ ಮಕ್ಕಳು ಪಾಲಿಗೆ ಜಗಳವಾಡುವ ಮನೆಗಳಲ್ಲಿ ಕೋವಿಯ ಕಡತ ಬೀಳುವುದು ಹೀಗೆಯೇ. ಅವಧಿ ಮುಗಿಯಲಿ, ಆಮೇಲೆ ಅರ್ಜಿ ಹಾಕಿ.

ಅಭಯಾರಣ್ಯದ ಆಸುಪಾಸಿನವರಿಗೆ ಮತ್ತೊಂದು ಮೆಟ್ಟಿಲು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದ ಹತ್ತು ಕಿಲೋಮೀಟರ್ ತ್ರಿಜ್ಯದಲ್ಲಿ ಮುಖ್ಯ ವನ್ಯಜೀವಿ ಪಾಲಕರ ಪೂರ್ವ ಸಮ್ಮತಿ ಇಲ್ಲದೆ ಹೊಸ ಪರವಾನಗಿ ಕೊಡುವಂತಿಲ್ಲ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಕುದುರೆಮುಖ, ಭದ್ರಾ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ ಎಂದು ನಕ್ಷೆಯಲ್ಲಿ ವೃತ್ತ ಎಳೆಯುತ್ತ ಹೋದರೆ ಪಶ್ಚಿಮಘಟ್ಟದ ಎಷ್ಟು ಹಳ್ಳಿಗಳು ಹೊರಗುಳಿಯುತ್ತವೆ ಎಂದು ನೀವೇ ನೋಡಿ. ವಾರಸಿನ ಅರ್ಜಿಯೂ ಕೊನೆಗೆ ಹೊಸ ಹೆಸರಿನ ಪರವಾನಗಿಯೇ ಆದ್ದರಿಂದ ಅರಣ್ಯ ಇಲಾಖೆಯ ಅಭಿಪ್ರಾಯ ಕೇಳುವ ಸಂಭವ ಹೆಚ್ಚು. ಅಪ್ಪನ ಕೋವಿ ಹಿಂದೆ ಆ ಇಲಾಖೆಯಲ್ಲಿ ನೋಂದಣಿಯಾಗಿದ್ದರೆ ಆ ಕಾಗದವನ್ನು ಹುಡುಕಿ ಲಗತ್ತಿಸಿ.

ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ದಾಖಲಿಸಬೇಕು ಎಂದು 14ನೇ ಸೆಕ್ಷನ್ ಹೇಳುತ್ತದೆ. ಆಸ್ತಿ ಕಡಿಮೆ ಎಂಬುದೊಂದೇ ಕಾರಣ ಸಲ್ಲದು ಎಂದೂ ಅದೇ ಸೆಕ್ಷನ್ ಹೇಳುತ್ತದೆ; ಎಕರೆ ಲೆಕ್ಕ ಹಿಡಿದು ವಾಪಸು ಕಳಿಸಿದರೆ ಇದನ್ನು ನೆನಪಿಸಿ. ಮೇಲ್ಮನವಿಗೆ 30 ದಿನ ಮಾತ್ರ, ಹಾಗಾಗಿ ಬಾಯಿಮಾತಿನ 'ಆಗಲ್ಲ' ಕೇಳಿ ಮನೆಗೆ ಮರಳಬೇಡಿ, ಆದೇಶದ ಪ್ರತಿ ಕೇಳಿ ಪಡೆಯಿರಿ.

ಪರವಾನಗಿ ಕೈಗೆ ಬಂದ ಮೇಲೆ

ಅವಧಿ ಐದು ವರ್ಷ. ಅಪ್ಪನ ಕಾಲದಲ್ಲಿ ಮೂರಿತ್ತು. ಮುಗಿಯುವ 60 ದಿನ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಒಂದು ಸಲಕ್ಕೆ ಎಷ್ಟು ತೋಟೆ, ವರ್ಷಕ್ಕೆ ಎಷ್ಟು, ಯಾವ ಪ್ರದೇಶಕ್ಕೆ ಸಿಂಧು ಎಂಬುದು ಪುಸ್ತಕದಲ್ಲೇ ಇರುತ್ತದೆ, ಓದಿಕೊಳ್ಳಿ. ಮದುವೆ, ಜಾತ್ರೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿ ಅಲ್ಲ. ಸದ್ದು ಮಾಡಿ ಓಡಿಸಬಹುದು. ಕಾಡುಹಂದಿ ವನ್ಯಜೀವಿ ಕಾಯ್ದೆಯ ಎರಡನೇ ಪರಿಚ್ಛೇದದಲ್ಲಿದೆ, ನವಿಲು ಮತ್ತು ಆನೆ ಮೊದಲನೆಯದರಲ್ಲಿ. ಬೆಳೆ ಹಾಳುಮಾಡುವ ಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕೃತ ಅಧಿಕಾರಿಯ ಲಿಖಿತ ಅನುಮತಿ ಬೇಕು.

ಕೊಡಗಿನ ದಾರಿ ಬೇರೆ. ಕೊಡವರಿಗೆ ಮತ್ತು ಜಮ್ಮಾ (ಅಲ್ಲಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದ ಈ ವಿನಾಯಿತಿಯನ್ನು ರಾಜ್ಯ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಕೇಂದ್ರದ ಈಗಿನ ಅಧಿಸೂಚನೆ 2029ರ ಅಕ್ಟೋಬರ್ 31ರವರೆಗಿದೆ. ಅಲ್ಲಿ ಮಗ ಮಾಡಿಸಬೇಕಾದ್ದು ತನ್ನ ಹೆಸರಿನ ವಿನಾಯಿತಿ ಪತ್ರ. ಅಪ್ಪನ ಪತ್ರ ತೋರಿಸಿ ಕೋವಿ ಒಯ್ದರೆ ಜಿಲ್ಲೆಯ ಗಡಿ ದಾಟಿದೊಡನೆ ಪೇಚಿಗೆ ಸಿಲುಕುತ್ತಾರೆ.

ಯಾರಿಗೂ ಬೇಡವಾದರೆ ಮಾರಬಹುದು. ಪರವಾನಗಿ ಇರುವವರಿಗೆ ಅಥವಾ ವ್ಯಾಪಾರಿಗೆ ಮಾತ್ರ, ಠೇವಣಿ ಇಟ್ಟಲ್ಲಿಂದಲೇ, ಲಿಖಿತ ಅನುಮತಿಯ ಮೂಲಕ. ವರ್ಷಾನುಗಟ್ಟಲೆ ಸುಮ್ಮನಿದ್ದರೆ ಆಯುಧ ಸರ್ಕಾರದ ಪಾಲಾಗುತ್ತದೆ.

ಅಪ್ಪ ಇನ್ನೂ ಗಟ್ಟಿಯಾಗಿದ್ದರೆ ಈ ಓಡಾಟದ ಅರ್ಧಭಾಗ ತಪ್ಪಿಸಬಹುದು. ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ತಾವೇ ಒಬ್ಬ ವಾರಸುದಾರರನ್ನು ಹೆಸರಿಸಿ ಅವರಿಗೆ ಪರವಾನಗಿ ಕೊಡುವಂತೆ ಕೋರಲು ಅದೇ 25ನೇ ನಿಯಮದಲ್ಲಿ ಅವಕಾಶವಿದೆ. ಮರಣ ಪ್ರಮಾಣ ಪತ್ರದ ಪ್ರಶ್ನೆ ಇಲ್ಲ, ಪುಸ್ತಕದ ತಪ್ಪು ಸಂಖ್ಯೆಯನ್ನು ಅವರೇ ನಿಂತು ಸರಿಪಡಿಸಬಹುದು. ಮುಂದಿನ ನವೀಕರಣಕ್ಕೆ ಹೋಗುವಾಗಲೇ ಈ ಅರ್ಜಿಯನ್ನೂ ಕೈಯಲ್ಲಿ ಹಿಡಿದು ಹೋಗಿ.