ಪಿಕಪ್ ಕ್ಯಾಬಿನ್‌ಗೆ ಡ್ಯಾಂಪಿಂಗ್ ಶೀಟ್, ಸ್ಪೀಕರ್ ನಾನೇ ಕೂರಿಸಿದ್ದು

ನಮ್ದು ಮೂಡಿಗೆರೆ ಕಡೆ. ವಾರಕ್ಕೆ ಮೂರು ಸಲ ಪಿಕಪ್‌ನಲ್ಲಿ ತರಕಾರಿ ಲೋಡ್ ಮಾಡ್ಕೊಂಡು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗಿ ಬರ್ತೀನಿ. ವಾಪಸ್ ಘಾಟಿ ಹತ್ತುವಾಗ ಸೆಕೆಂಡ್ ಗೇರಲ್ಲಿ ಡೀಸೆಲ್ ಇಂಜಿನ್ ಕೂಗೋದು, ಖಾಲಿ ಬಾಡಿ ಗಡಗಡ ಅನ್ನೋದು, ಇದ್ರ ಮಧ್ಯೆ ಯಕ್ಷಗಾನ ಹಾಕಿದ್ರೆ ಚೆಂಡೆ ಒಂದು ಕೇಳ್ಸೋದು, ಭಾಗವತ್ರು ಏನು ಹಾಡ್ತಿದಾರೆ ಅಂತ ಗೊತ್ತೇ ಆಗ್ತಿರ್ಲಿಲ್ಲ. ಸೌಂಡ್ ಏರ್ಸಿ ಏರ್ಸಿ ಕೇಳಿ ಮನೆಗೆ ಬಂದ್ರೆ ಕಿವಿ ಗುಂಯ್ ಅನ್ನೋದು.

ದೊಡ್ಡ ಸ್ಪೀಕರ್ ಹಾಕ್ಸು ಅಂತ ಎಲ್ರೂ ಹೇಳಿದ್ರು. ನನಗೆ ಯಾಕೋ ಅದು ಸರಿ ಅನ್ನಿಸ್ಲಿಲ್ಲ, ಗಲಾಟೆ ಮೇಲೆ ಇನ್ನೊಂದು ಗಲಾಟೆ ಹಾಕಿದ ಹಾಗೆ. ಒಂದು ಭಾನುವಾರ ಗಾಡಿ ನೆರಳಿಗೆ ನಿಲ್ಸಿ ಬೆರಳ ಗಂಟಲ್ಲಿ ಕ್ಯಾಬಿನ್ ಒಳಗೆಲ್ಲ ತಟ್ಟಿ ನೋಡ್ದೆ. ಡೋರು ಢಣ್ ಅಂತು, ಆದ್ರೆ ಸೀಟ್ ಹಿಂದಿನ ಗೋಡೆ ಇದ್ಯಲ್ಲ, ಅದು ಎಣ್ಣೆ ಡಬ್ಬ ಬಡಿದ ಹಾಗೆ ಢಣಢಣ ಅಂತ ಹೊತ್ತು ಎಳೀತು. ಚಪ್ಪಟೆ ತಗಡು, ಅದ್ರ ಹಿಂದೆನೇ ಲೋಡ್ ಬಾಡಿ. ಪಿಕಪ್‌ನಲ್ಲಿ ನಿಜವಾದ ಡ್ರಮ್ಮು ಅದೇ, ಎಲ್ರೂ ಡೋರಿಗೆ ಡ್ಯಾಂಪಿಂಗ್ ಶೀಟ್, ಅಂದ್ರೆ ತಗಡು ನಡುಗದ ಹಾಗೆ ಅಂಟಿಸೋ ಹಾಳೆ, ಹಾಕಿ ಹಿಂದಿನ ಗೋಡೆನ ಮರ್ತುಬಿಡ್ತಾರೆ.

ಶೀಟ್ ತಗೊಂಡಿದ್ದು 2 ಎಂಎಂ ಬ್ಯುಟೈಲ್ ಅನ್ನೋ ಅಂಟು ರಬ್ಬರಿಂದು, ಮೇಲೆ ಅಲ್ಯುಮಿನಿಯಂ ಹಾಳೆ ಇರೋದು. ಕಡಿಮೆ ರೇಟಿಗೆ ಟಾರ್ ಶೀಟೂ ಸಿಗುತ್ತೆ, ಬೇಡ, ಮಂಗಳೂರು ಬಿಸಿಲಿಗೆ ವಾಸನೆ ಬಂದು ಕಿತ್ಕೊಂಡು ಬರುತ್ತೆ. ಒಂದು ಅರ್ಥ ಮಾಡ್ಕೊಳ್ಬೇಕು, ಈ ಶೀಟು ಶಬ್ದ ತಡೆಯಲ್ಲ, ತಗಡು ನಡುಗೋದನ್ನ ನಿಲ್ಸುತ್ತೆ ಅಷ್ಟೇ. ಹಾಗಾಗಿ ಒಂದಿಂಚೂ ಬಿಡದೆ ಮುಚ್ಚೋ ಅಗತ್ಯ ಇಲ್ಲ, ತಗಡಿನ ನಡುಭಾಗಕ್ಕೆ ಗಟ್ಟಿಯಾಗಿ ಅಂಟಿದ್ರೆ ಸಾಕು. ಗಾಳಿಲಿ ಬರೋ ಶಬ್ದಕ್ಕೆ ತೂತುಗಳನ್ನ ಮುಚ್ಚಬೇಕು, ಅಂದ್ರೆ ಗೇರ್ ಲಿವರ್ ಬುಡದ ರಬ್ಬರ್, ವೈರ್ ಒಳಗೆ ಬರೋ ಜಾಗ, ಡೋರಿನ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ). ನನ್ನ ಗಾಡೀಲಿ ಗೇರ್ ಲಿವರ್ ರಬ್ಬರ್ ಹರಿದಿತ್ತು, ಹೊಸದು ಹಾಕಿದ್ದಕ್ಕೇ ಇಂಜಿನ್ ಸೌಂಡ್ ಎಷ್ಟೋ ಇಳೀತು.

ಕೆಲಸಕ್ಕೆ ಜೊತೆಗೆ ಬಂದಿದ್ದು ನನ್ನ ಹೆಂಡ್ತಿ ತಮ್ಮ. ಸೀಟ್ ಬಿಚ್ಚಿ ಮ್ಯಾಟ್ ಎತ್ತಿದ ತಕ್ಷಣ "ಭಾವ, ಇಲ್ಲಿ ನೋಡಿ" ಅಂದ. ಕೆಳಗಿದ್ದ ಹತ್ತಿ ಥರದ ಫೆಲ್ಟ್ ನೀರು ಕುಡಿದು ಹಾಗೇ ಕೂತಿತ್ತು, ಅಡಿಯಲ್ಲಿ ಅಂಗೈ ಅಗಲ ತುಕ್ಕು. ಅವತ್ತು ಶೀಟ್ ಕೆಲಸ ಅಲ್ಲಿಗೇ ನಿಲ್ತು. ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಹೊಡೆದು ಎರಡು ದಿನ ಒಣಗಿಸಿದ್ವಿ. ನಮ್ಮ ಮಲೆನಾಡಲ್ಲಿ ಫೆಲ್ಟ್ ವಾಪಸ್ ಹಾಕ್ಲೇಬಾರ್ದು, ಶೀಟ್ ಮೇಲೆ ನೀರು ಹೀರದ ರಬ್ಬರ್ ಫೋಮ್ ಹಾಕ್ದೆ.

ಅಂಟಿಸುವಾಗ ಮುಖ್ಯ ಅಂದ್ರೆ ಕ್ಲೀನಿಂಗು, ಆಮೇಲೆ ರೋಲರ್. ಥಿನ್ನರಲ್ಲಿ ಎರಡು ಸಲ ಒರೆಸಿ, ಒಣಗಿದ ಮೇಲೆ ಅಂಟಿಸಿ, ಮೇಲಿನ ಉಬ್ಬು ಗೆರೆಗಳು ಪೂರ್ತಿ ಚಪ್ಪಟೆ ಆಗೋ ತನಕ ರೋಲರ್ ಒತ್ತಬೇಕು. ಅಲ್ಯುಮಿನಿಯಂ ಅಂಚು ಬ್ಲೇಡ್ ಇದ್ದಂಗೆ, ಗ್ಲೌಸ್ ಹಾಕ್ಕೊಳ್ಳಿ. ಡೋರ್ ಒಳಗೆ ಮಾಡುವಾಗ ಕೆಳಗಡೆ ನೀರು ಹೋಗೋ ತೂತು ಮಾತ್ರ ಮುಚ್ಚಬೇಡಿ, ಗ್ಲಾಸ್ ಪಕ್ಕದಿಂದ ಇಳಿದ ಮಳೆ ನೀರು ಅಲ್ಲೇ ನಿಂತ್ರೆ ಡೋರ್ ಕೆಳಗಿಂದ ಕೊಳೆಯುತ್ತೆ. ಕೊನೆಗೆ ಹಿಂದಿನ ಗೋಡೆ ತಟ್ಟಿದ್ರೆ ಮರದ ಹಲಗೆ ತಟ್ಟಿದ ಹಾಗೆ ಧಪ್ ಅಂತು, ಇಬ್ರೂ ಮಕ್ಕಳ ಥರ ಹತ್ತು ಸಲ ತಟ್ಟಿ ತಟ್ಟಿ ನೋಡಿದ್ವಿ. ಸೀಟ್ ಹಿಂದೆ ಇರೋ ಜಾಕ್, ವೀಲ್ ಸ್ಪ್ಯಾನರ್‌ನ ಗೋಣಿಚೀಲದಲ್ಲಿ ಸುತ್ತಿ ಹಳೇ ಟ್ಯೂಬಲ್ಲಿ ಬಿಗಿದು ಕಟ್ಟಿದೆ, ಖರ್ಚಿಲ್ಲದ ಕೆಲಸ.

ಆಡಿಯೋ ಸಿಂಪಲ್ಲಾಗಿ ಮಾಡ್ದೆ. ಬ್ಲೂಟೂತ್ ಸ್ಟೀರಿಯೋ, ಎರಡು ಡೋರಿಗೆ 6 ಇಂಚಿನ ಸ್ಪೀಕರ್, ಸೀಟ್ ಕೆಳಗೆ ಸಣ್ಣ ಆಂಪ್ಲಿಫೈಯರ್. ತೂತು ಕೊರೆಯೋ ಮುಂಚೆ ಗ್ಲಾಸ್ ಪೂರ್ತಿ ಇಳಿಸಿ ನೋಡಿ, ಸ್ಪೀಕರ್ ಮ್ಯಾಗ್ನೆಟ್ ಗ್ಲಾಸಿಗೆ ತಾಗಬಾರ್ದು. ಪ್ಲೈವುಡ್ ರಿಂಗ್ ಕೊಟ್ಟು ಮುಂದಕ್ಕೆ ತಂದೆ, ರಿಂಗಿಗೆ ಮೊದ್ಲು ವಾರ್ನಿಷ್. ಆಂಪ್ಲಿಫೈಯರ್‌ಗೆ ಬ್ಯಾಟರಿಯಿಂದ ನೇರ ವೈರ್, ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಫ್ಯೂಸ್. ಇದ್ರಲ್ಲಿ ಮಾತ್ರ ಉಳಿಸೋಕೆ ಹೋಗಬೇಡಿ, ಫ್ಯೂಸ್ ಇಲ್ಲದ ವೈರ್ ತಗಡಿಗೆ ಉಜ್ಜಿ ಶಾರ್ಟ್ ಆದ್ರೆ ಗಾಡಿನೇ ಹೋಗುತ್ತೆ. ಅರ್ಥ್ ಕೊಡುವಾಗ ಪೇಂಟ್ ಕೆರೆದು ಬರೀ ತಗಡಿಗೆ ಕೊಡಿ. ಸ್ಟೀರಿಯೋದಿಂದ ಆಂಪ್ಲಿಫೈಯರ್‌ಗೆ ಹೋಗೋ ಸಿಗ್ನಲ್ ವೈರ್ ಎಡಗಡೆ, ಕರೆಂಟ್ ವೈರ್ ಬಲಗಡೆ ಎಳೀರಿ, ಜೊತೆಗೆ ಎಳೆದ್ರೆ ಎಕ್ಸಲೇಟರ್ ಕೊಟ್ಟಾಗೆಲ್ಲ ಕುಂಯ್ ಅಂತ ಶಬ್ದ ಬರೋ ಚಾನ್ಸ್ ಜಾಸ್ತಿ.

ಇಷ್ಟೆಲ್ಲ ಮಾಡಿ ಮೊದಲನೇ ಸಲ ಯಕ್ಷಗಾನ ಹಾಕಿದ್ರೆ ಭಾಗವತ್ರು ಸ್ಪಷ್ಟ, ಚೆಂಡೆ ಸ್ಪಷ್ಟ, ಆದ್ರೆ ಮದ್ದಳೆ ಎಲ್ಲಿ? ಒಂದು ಗಂಟೆ ಸ್ಟೀರಿಯೋ ಸೆಟ್ಟಿಂಗ್ ತಿರುಗಿಸಿದೆ, ಏನೂ ಆಗ್ಲಿಲ್ಲ. ಆಮೇಲೆ ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಮದ್ದಳೆ ಬಂತು, ಬಲಕ್ಕೆ ತಿರುಗಿಸಿದಾಗಲೂ ಬಂತು, ಮಧ್ಯಕ್ಕೆ ತಂದ್ರೆ ಮಾಯ. ಆಗ ಹೊಳೀತು, ಒಂದು ಕಡೆ ಪ್ಲಸ್ಸು ಮೈನಸ್ಸು ಅದಲು ಬದಲಾಗಿದೆ. ಒಂದು ಸ್ಪೀಕರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆದು ಎರಡೂ ಸೇರಿ ಬೇಸ್, ಅಂದ್ರೆ ಮದ್ದಳೆ ಥರದ ದಪ್ಪ ಸದ್ದನ್ನ, ತಿಂದುಹಾಕ್ತಿದ್ವು. ಆಂಪ್ಲಿಫೈಯರ್‌ನಿಂದ ಬಿಚ್ಚಿದ ಸ್ಪೀಕರ್ ವೈರಿಗೆ ಗಡಿಯಾರದ ಸೆಲ್ ತಗೊಂಡು ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಒಂದು ಕ್ಷಣ ಮುಟ್ಟಿಸಿದ್ರೆ ಗೊತ್ತಾಗುತ್ತೆ, ಸರಿ ಇದ್ರೆ ಕೋನ್ ಹೊರಗೆ ಬರುತ್ತೆ, ಉಲ್ಟಾ ಇದ್ರೆ ಒಳಗೆ ಹೋಗುತ್ತೆ. ಎಡಗಡೆದು ಉಲ್ಟಾ ಇತ್ತು. ಬದಲಾಯಿಸಿ ಹಾಕಿದ್ಮೇಲೆ ಮದ್ದಳೆಯ ಗುಂಕಾರ ಎದೆಗೆ ಬಂದು ಕೂತ ಹಾಗಾಯ್ತು.

ಈಗ ಘಾಟಿಲಿ ಮೊದಲಿನ ಅರ್ಧ ಸೌಂಡಲ್ಲೇ ಹಾಡು ಕೇಳುತ್ತೆ, ತಿರುವಲ್ಲಿ ಎದುರು ಗಾಡಿ ಹಾರ್ನೂ ಕೇಳುತ್ತೆ. ರೂಫ್ ಒಂದು ಬಾಕಿ ಇದೆ. ಮಳೆ ಹಿಡಿದ್ರೆ ತಗಡಿನ ಮೇಲೆ ಹನಿ ಬಡಿಯೋ ಸದ್ದಿಗೆ ಮತ್ತೆ ಏನೂ ಕೇಳ್ಸಲ್ಲ, ತೇವಕ್ಕೆ ಶೀಟೂ ಅಂಟಲ್ಲ, ಅದಕ್ಕೆ ಮೇ ತಿಂಗಳೊಳಗೆ ಬಿಸಿಲಿರುವಾಗಲೇ ಮುಗಿಸ್ತೀನಿ.