ಸ್ಯಾಂಕಿ ಎಂಬ ಸರ್‌ನೇಮ್‌ನ ಬೆನ್ನು ಹತ್ತಿ: ನನ್ನ ಅನುಭವ

ಬೆಂಗಳೂರಿನವರಿಗೆ ಸ್ಯಾಂಕಿ ಅಂದರೆ ಮೊದಲು ಕೆರೆ, ಆಮೇಲೆ ರಸ್ತೆ. ಅದೊಬ್ಬ ಮನುಷ್ಯನ ಹೆಸರು ಎಂದು ಗೊತ್ತಿರುವವರು ಕಡಿಮೆ. ಆ ಮನುಷ್ಯನಿಗೂ ಮೊದಲು ಅದು ಇಂಗ್ಲೆಂಡಿನ ಒಂದು ಊರಿನ ಹೆಸರು ಎಂದು ಗೊತ್ತಿರುವವರು ಇನ್ನೂ ಕಡಿಮೆ.

ಹಳೇ ದಾಖಲೆ ಕೆದಕುವುದು ನನ್ನ ಹವ್ಯಾಸ. ನಮ್ಮ ಮನೆತನದ ವಂಶವೃಕ್ಷ ಬರೆಯಲು ಹೋಗಿ ಹತ್ತಿದ ಗೀಳು ಇದು. ನಮ್ಮದು ಮುತ್ತಜ್ಜನ ಹತ್ತಿರ ಬಂದು ನಿಂತುಬಿಟ್ಟಿತು, ಅದರಾಚೆ ಕಾಗದವೇ ಇಲ್ಲ. ಹಾಗಾದರೆ ಕಾಗದ ಜಾಸ್ತಿ ಇರುವ ಕಡೆ ಒಂದು ಹೆಸರು ಹಿಡಿದು ಹೋಗೋಣ, ಎಲ್ಲಿಯವರೆಗೆ ಹೋಗುತ್ತದೋ ನೋಡೋಣ ಅನ್ನಿಸಿತು. ಸ್ಮಿತ್, ಟೇಲರ್ ಥರದ ಹೆಸರು ಹಿಡಿದರೆ ಮುಗೀತು ಕಥೆ. ಪ್ರತಿ ಊರಿನಲ್ಲೂ ಕಮ್ಮಾರರಿದ್ದರು, ದರ್ಜಿಗಳಿದ್ದರು, ಅವರವರ ಪಾಡಿಗೆ ಹೆಸರು ಹುಟ್ಟಿಕೊಂಡಿತು. ಹುಡುಕುವವರಿಗೆ ಬೇಕಾಗಿರುವುದು ಒಂದೇ ಜಾಗದಲ್ಲಿ ಹುಟ್ಟಿದ, ಅಷ್ಟೇನೂ ಸಾಮಾನ್ಯವಲ್ಲದ ಹೆಸರು. ಸ್ಯಾಂಕಿ ಹೇಳಿ ಮಾಡಿಸಿದ ಹಾಗಿತ್ತು.

ಗ್ರೇಟ್ ಸ್ಯಾಂಕಿ ಎಂಬ ಊರು ವಾರಿಂಗ್ಟನ್ ಪಟ್ಟಣದ ಪಶ್ಚಿಮಕ್ಕಿದೆ. ಲಿಟಲ್ ಸ್ಯಾಂಕಿ ಅಂತಲೂ ಒಂದಿದೆ. ಮೊದಲು ಲ್ಯಾಂಕಷೈರ್‌ನಲ್ಲಿದ್ದವು, 1974ರಲ್ಲಿ ಗಡಿ ಬದಲಾಗಿ ಚೆಷೈರ್‌ಗೆ ಸೇರಿದವು. ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಳೇ ಚರ್ಚ್ ದಾಖಲೆ ಹುಡುಕುವಾಗ ಚೆಷೈರ್ ಎಂದು ಹಾಕಿದರೆ ಏನೂ ಸಿಗುವುದಿಲ್ಲ. ದಾಖಲೆ ಬರೆದ ಕಾಲದಲ್ಲಿ ಊರು ಯಾವ ಕೌಂಟಿಯಲ್ಲಿತ್ತೋ ಅದನ್ನೇ ಹಾಕಬೇಕು. ಪಕ್ಕದಲ್ಲಿ ಹರಿಯುವ ಸ್ಯಾಂಕಿ ತೊರೆಗೂ ಇದೇ ಹೆಸರು. ಇಂಗ್ಲಿಷರು ಆ ನೆಲಕ್ಕೆ ಬರುವ ಮೊದಲಿನ ಹೆಸರು ಅದು ಎನ್ನುತ್ತಾರೆ ಸ್ಥಳನಾಮ ಬಲ್ಲವರು.

ಊರಿನ ಹೆಸರು ಸರ್‌ನೇಮ್ ಆಗುವ ಬಗೆ ನಮಗೆ ಹೊಸದಲ್ಲ. ವಿಶ್ವೇಶ್ವರಯ್ಯನವರ ಹಿರಿಯರು ಆಂಧ್ರದ ಮೋಕ್ಷಗುಂಡಂ ಬಿಟ್ಟು ಮುದ್ದೇನಹಳ್ಳಿಗೆ ಬಂದರು, ಬಂದ ಮೇಲೂ ಅವರು ಮೋಕ್ಷಗುಂಡಂನವರೇ. ಊರಲ್ಲೇ ಇದ್ದವನನ್ನು ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಇಂಗ್ಲೆಂಡಿನಲ್ಲೂ ಹೀಗೇ. ಸ್ಯಾಂಕಿಯ ಜಮೀನ್ದಾರನಿಗೆ ಆ ಹೆಸರು ಬಂದದ್ದು ಒಂದು ದಾರಿ. ಸ್ಯಾಂಕಿ ಬಿಟ್ಟು ಬೇರೆ ಊರು ಸೇರಿದ ಬಡಗಿಗೋ ಆಳಿಗೋ ಅದೇ ಹೆಸರು ಅಂಟಿಕೊಂಡದ್ದು ಇನ್ನೊಂದು ದಾರಿ. ಅಂದರೆ ಊರು ಒಂದೇ ಆದರೂ ಮೂಲಪುರುಷ ಒಬ್ಬನೇ ಆಗಬೇಕಿಲ್ಲ. ನಾನು ಈ ಕೆಲಸದುದ್ದಕ್ಕೂ ಇಟ್ಟುಕೊಂಡ ನಿಯಮ ಇದೊಂದೇ: ಹೆಸರನ್ನು ನಂಬಬೇಡ, ಮನುಷ್ಯನನ್ನು ಹಿಡಿ.

ಶುರು ಮಾಡಿದ್ದು 1881ರ ಜನಗಣತಿಯಿಂದ. ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನ ಆ ಇಡೀ ಗಣತಿಯನ್ನು ಸ್ವಯಂಸೇವಕರು ಸಾಲು ಸಾಲಾಗಿ ನಕಲು ಮಾಡಿದ್ದಾರೆ. ಫ್ಯಾಮಿಲಿಸರ್ಚ್ ಎಂಬ ತಾಣದಲ್ಲಿ ಪುಕ್ಕಟೆ ನೋಡಬಹುದು. ಒಂದು ಹೆಸರು ಎಲ್ಲಿ ದಟ್ಟವಾಗಿದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ. ಸ್ಯಾಂಕಿಗಳು ಲ್ಯಾಂಕಷೈರ್‌ನಲ್ಲಿ ತುಂಬಿಕೊಂಡಿದ್ದಾರೆ. ದಕ್ಷಿಣಕ್ಕೆ ಶ್ರಾಪ್‌ಷೈರ್, ಸ್ಟಾಫರ್ಡ್‌ಷೈರ್ ಕಡೆಗೂ ಇಳಿದಿದ್ದಾರೆ. ಸ್ಟಾಫರ್ಡ್‌ಷೈರ್‌ನ ಬಿಲ್‌ಸ್ಟನ್‌ನಲ್ಲಿ ಜೋಸೆಫ್ ಸ್ಯಾಂಕಿ ಎಂಬವರು ಚಹಾ ತಟ್ಟೆಗಳ ತಗಡು ಒತ್ತುವ ಕೆಲಸದಿಂದ ಬೆಳೆದು ದೊಡ್ಡ ಕಾರ್ಖಾನೆಯನ್ನೇ ಕಟ್ಟಿದರು. ಮುಂದೆ ಅದು ಮೋಟಾರು ವಾಹನಗಳ ಉಕ್ಕಿನ ಚಕ್ರಕ್ಕೆ ಹೆಸರಾಯಿತು.

1881ರಿಂದ ಹಿಂದಕ್ಕೆ ಹೋಗುವುದು ಮೆಟ್ಟಿಲು ಇಳಿದ ಹಾಗೆ. ಸರ್ಕಾರಿ ಜನನ, ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ಕ್ಕೆ. ಅದರ ಸೂಚಿ ನೋಡಲು ಫ್ರೀಬಿಎಂಡಿ ಎಂಬ ತಾಣ ಇದೆ. ಅದಕ್ಕೂ ಹಿಂದೆ ಚರ್ಚ್ ರಿಜಿಸ್ಟರ್‌ಗಳು, 1538ರಲ್ಲಿ ರಾಜಾಜ್ಞೆಯಿಂದ ಆರಂಭವಾದವು. ಎಲ್ಲ ಊರಿನಲ್ಲೂ ಅಷ್ಟು ಹಳೆಯವು ಉಳಿದಿಲ್ಲ. ಇಲ್ಲಿ ಕಾಗುಣಿತದ ಕಾಟ ಜಾಸ್ತಿ. ಪಾದ್ರಿ ಕೇಳಿದ್ದನ್ನು ಬರೆದುಕೊಂಡ. ಸ್ಯಾಂಕಿ ಒಂದು ಕಡೆ ಸಾಂಕಿ, ಒಂದು ಕಡೆ ಸೋಂಕಿ, ಇನ್ನೊಂದು ಕಡೆ ಸ್ಯಾಂಚಿ, ಕೊನೆಗೆ ಝಾಂಚಿ ಕೂಡ! ಅದಕ್ಕೇ ನಾನು ಪೂರ್ತಿ ಹೆಸರು ಟೈಪ್ ಮಾಡುವುದೇ ಇಲ್ಲ. ಎಸ್ ಹಾಕಿ ನಕ್ಷತ್ರ ಚಿಹ್ನೆ, ಆಮೇಲೆ ಎನ್, ಕೆ ಹಾಕಿ ಮತ್ತೆ ನಕ್ಷತ್ರ; ನಕ್ಷತ್ರದ ಜಾಗದಲ್ಲಿ ಯಾವ ಅಕ್ಷರವಿದ್ದರೂ ಸಿಗುತ್ತದೆ. ಅದೇ ಹುಡುಕಾಟವನ್ನು ಕೆ ಬದಲು ಸಿ, ಎಚ್ ಹಾಕಿ ಇನ್ನೊಮ್ಮೆ, ಎಸ್ ಬದಲು ಝಡ್ ಹಾಕಿ ಮತ್ತೊಮ್ಮೆ. ಬೇಜಾರಿನ ಕೆಲಸ ನಿಜ. ಆದರೆ ಈ ಝಡ್ ಇಲ್ಲದಿದ್ದರೆ ಐರ್ಲೆಂಡಿನ ಬಾಗಿಲೇ ತೆರೆಯುತ್ತಿರಲಿಲ್ಲ.

ಆ ಬಾಗಿಲು ತೆರೆದ ಹೈರೋಮ್ ಸ್ಯಾಂಕಿ ಶ್ರಾಪ್‌ಷೈರ್‌ನವನು. ಕೇಂಬ್ರಿಡ್ಜ್, ಆಕ್ಸ್‌ಫರ್ಡ್‌ಗಳಲ್ಲಿ ಓದಿ ಆಮೇಲೆ ಕತ್ತಿ ಹಿಡಿದ. ಕ್ರಾಮ್‌ವೆಲ್‌ನ ಸೈನ್ಯದಲ್ಲಿ ಕರ್ನಲ್ ಆಗಿ ಐರ್ಲೆಂಡಿಗೆ ಹೋದ. ಐರಿಶರಿಂದ ಕಿತ್ತುಕೊಂಡ ಜಮೀನನ್ನು ಸೈನಿಕರಿಗೆ ಸಂಬಳದ ಬದಲು ಹಂಚಿದ ಕಾಲ ಅದು. ಹಂಚಲು ಅಳತೆ ಬೇಕಲ್ಲ, ಆ ಮೋಜಣಿ ಮಾಡಿಸಿದವನು ವಿಲಿಯಂ ಪೆಟಿ. ಹಂಚಿಕೆಯಲ್ಲಿ ಪೆಟಿ ಲಂಚ ತಿಂದ, ಮೋಸ ಮಾಡಿದ ಎಂದು 1659ರಲ್ಲಿ ಪಾರ್ಲಿಮೆಂಟಿನಲ್ಲಿ ಆರೋಪ ಹೊರಿಸಿದವನು ಇದೇ ಸ್ಯಾಂಕಿ. ದ್ವಂದ್ವಯುದ್ಧಕ್ಕೂ ಕರೆದನಂತೆ. ಜಾಗ, ಆಯುಧ ಆರಿಸುವ ಹಕ್ಕು ಕರೆಸಿಕೊಂಡವನದು. ಪೆಟಿಗೆ ದೃಷ್ಟಿ ಮಂದ. ಕತ್ತಲ ನೆಲಮಾಳಿಗೆಯಲ್ಲಿ, ಬಡಗಿಯ ದೊಡ್ಡ ಕೊಡಲಿಗಳಲ್ಲಿ ಹೊಡೆದಾಡೋಣ ಎಂದನಂತೆ. ಊರೆಲ್ಲ ನಕ್ಕಿತು, ಯುದ್ಧ ಅಲ್ಲಿಗೇ ನಿಂತಿತು. ಆ ಕಾಲದವರೇ ಬರೆದಿಟ್ಟ ಸುದ್ದಿ ಇದು. ಅದರಲ್ಲಿ ಸ್ಯಾಂಕಿಯ ಹೆಸರಿನ ಕಾಗುಣಿತ ಬೇರೆಯೇ ಇದೆ ಎಂದು ಬೇರೆ ಹೇಳಬೇಕಿಲ್ಲ.

ಐರ್ಲೆಂಡಿನಲ್ಲಿ ಕೆಲಸ ಮಾಡುವವರು ಎದೆ ಗಟ್ಟಿ ಮಾಡಿಕೊಂಡೇ ಇಳಿಯಬೇಕು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟಕ್ಕೆ ಸಿಕ್ಕಿ ಸುಟ್ಟುಹೋಯಿತು. ಅಲ್ಲಿದ್ದ ಹಳೇ ಜನಗಣತಿ, ಉಯಿಲು, ಚರ್ಚ್ ರಿಜಿಸ್ಟರ್ ಬಹುಪಾಲು ಬೂದಿ. ಪೂರ್ತಿ ಉಳಿದ ಹಳೇ ಗಣತಿಗಳು 1901 ಮತ್ತು 1911ರವು ಮಾತ್ರ. ಅದಕ್ಕೆ ಮೊದಲಿನದಕ್ಕೆ ಜಮೀನು ಕಂದಾಯದ ಪಟ್ಟಿಗಳೇ ಗತಿ, 1847ರಿಂದ 1864ರವರೆಗೆ ಮಾಡಿದ ಗ್ರಿಫಿತ್ ಮೌಲ್ಯಮಾಪನ ಅದರಲ್ಲಿ ಮುಖ್ಯವಾದದ್ದು. ನಮ್ಮ ಪಹಣಿ ಓದಿ ಅಭ್ಯಾಸ ಇರುವವರಿಗೆ ಅದು ಕಷ್ಟವೇ ಅಲ್ಲ. ಯಾರ ಜಮೀನು, ಯಾರ ಕೈಯಲ್ಲಿದೆ, ಎಷ್ಟು ಬೆಲೆ, ಅಷ್ಟೇ.

ಇನ್ನೊಂದು ಉಪಾಯ ನಡುಹೆಸರು. ಇಂಗ್ಲಿಷ್ ಮನೆತನಗಳಲ್ಲಿ ತಾಯಿಯದೋ ಅಜ್ಜಿಯದೋ ತವರಿನ ಹೆಸರನ್ನು ಮಗನ ನಡುವೆ ಸೇರಿಸುವ ರೂಢಿ ಇತ್ತು. 1853ರಲ್ಲಿ ಐರ್ಲೆಂಡಿನ ಟಿಪ್ಪರರಿ ಕೌಂಟಿಯಲ್ಲಿ ಹುಟ್ಟಿದ ಇಂಜಿನಿಯರ್ ಒಬ್ಬನ ಪೂರ್ತಿ ಹೆಸರು ಮ್ಯಾಥ್ಯೂ ಹೆನ್ರಿ ಫಿನಿಯಾಸ್ ರಯಲ್ ಸ್ಯಾಂಕಿ. ರಯಲ್ ಎನ್ನುವುದು ಅದೇ ಕೌಂಟಿಯ ಕ್ಲಾನ್‌ಮೆಲ್‌ನಲ್ಲಿ ಬ್ಯಾಂಕ್ ನಡೆಸುತ್ತಿದ್ದ ಮನೆತನ. ಯಾವ ಮನೆಗಳ ದಾಖಲೆ ತೆಗೆಯಬೇಕು ಎಂದು ಹೆಸರೇ ಹೇಳುತ್ತದೆ. ಈತನ ಹೆಸರನ್ನು ಇಂಜಿನಿಯರಿಂಗ್ ಓದಿದವರು ಕೇಳಿರುತ್ತಾರೆ. ಉಗಿ ಯಂತ್ರದಲ್ಲಿ ಶಕ್ತಿ ಎಲ್ಲೆಲ್ಲಿ ಸೋರುತ್ತದೆ ಎಂದು ದಪ್ಪ, ಸಣ್ಣ ಬಾಣಗಳಲ್ಲಿ ತೋರಿಸುವ ಚಿತ್ರವನ್ನು 1898ರಲ್ಲಿ ಪ್ರಕಟಿಸಿದವನು ಇವನೇ. ಇವತ್ತಿಗೂ ಅದು ಸ್ಯಾಂಕಿ ಡಯಾಗ್ರಾಮ್.

ಈಗ ನಮ್ಮ ಕೆರೆಯ ಸ್ಯಾಂಕಿಗೆ ಬರೋಣ. ರಿಚರ್ಡ್ ಹೈರಮ್ ಸ್ಯಾಂಕಿ 1829ರಲ್ಲಿ ಟಿಪ್ಪರರಿಯ ರಾಕ್‌ವೆಲ್‌ನಲ್ಲಿ ಹುಟ್ಟಿದವರು. ತಂದೆ ಬ್ಯಾರಿಸ್ಟರ್. ಹೈರಮ್ ಎಂಬ ನಡುಹೆಸರು ಕಂಡ ಕೂಡಲೇ ಕ್ರಾಮ್‌ವೆಲ್‌ನ ಹೈರೋಮ್‌ವರೆಗೆ ಗೆರೆ ಎಳೆಯಲು ಕೈ ತುರಿಸುತ್ತದೆ. ಎಳೆಯಬಾರದು. ನಡುಹೆಸರು ಸುಳಿವು ಮಾತ್ರ, ಸಾಕ್ಷಿ ಅಲ್ಲ. ನನ್ನ ಹಾಳೆಯಲ್ಲಿ ಅದು ಚುಕ್ಕೆ ಗೆರೆ.

ಕಂಪನಿ ಕಾಲದಲ್ಲಿ ಭಾರತಕ್ಕೆ ಬಂದವರನ್ನು ಹುಡುಕುವುದು ಐರ್ಲೆಂಡಿಗಿಂತ ಎಷ್ಟೋ ಸುಲಭ. ಕಂಪನಿಗೆ ಎಲ್ಲದಕ್ಕೂ ಎರಡು ಪ್ರತಿ ಬೇಕಿತ್ತು. ಸೇನೆಗೆ ಸೇರುವ ಹುಡುಗರ ಅರ್ಜಿಗಳು, ಅದರ ಜೊತೆ ಲಗತ್ತಿಸಿದ ದೀಕ್ಷಾಸ್ನಾನದ ಪ್ರಮಾಣಪತ್ರಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಇಲ್ಲಿನ ಚರ್ಚ್‌ಗಳಲ್ಲಿ ನಡೆದ ಮದುವೆ, ದೀಕ್ಷೆ, ಶವಸಂಸ್ಕಾರದ ನಕಲುಗಳೂ ಅಲ್ಲಿಗೇ ಹೋಗುತ್ತಿದ್ದವು. ಐರ್ಲೆಂಡಿನಲ್ಲಿ ಸುಟ್ಟುಹೋದ ಒಂದು ದೀಕ್ಷೆಯ ವಿವರ ಹೀಗೆ ಭಾರತದ ಕಡತದಲ್ಲಿ ಉಳಿದಿರುವುದುಂಟು. ಒಂದು ಮಾತು ನೆನಪಿಡಿ: ಬೆಂಗಳೂರು ದಂಡು ಪ್ರದೇಶದ ಚರ್ಚ್ ದಾಖಲೆಗಳನ್ನು ಮೈಸೂರು ಎಂದು ಹುಡುಕಬೇಡಿ, ಅವು ಮದ್ರಾಸಿನ ಸಾಲಿನಲ್ಲಿವೆ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಸೂಚಿ ಮೊದಲು ನೋಡಿಕೊಂಡರೆ ಅರ್ಧ ಕೆಲಸ ಮುಗಿಯುತ್ತದೆ.

1846ರಲ್ಲಿ ಮದ್ರಾಸ್ ಇಂಜಿನಿಯರ್ಸ್ ಸೇರಿದ ರಿಚರ್ಡ್, 1864ರ ಹೊತ್ತಿಗೆ ಮೈಸೂರಿನ ಮುಖ್ಯ ಇಂಜಿನಿಯರ್. ಅಠಾರ ಕಚೇರಿ, ಕಬ್ಬನ್ ಪಾರ್ಕು, ಮ್ಯೂಸಿಯಂ ಕಟ್ಟಡ ಇವರ ಕೈಯವು. ನನಗೆ ಇದಕ್ಕಿಂತ ದೊಡ್ಡದೆನಿಸುವುದು ಇಲ್ಲಿನ ಹಳೇ ಕೆರೆಗಳನ್ನು ಒಂಟಿ ಒಂಟಿಯಾಗಿ ನೋಡದೆ, ನೀರು ಹರಿದು ಬರುವ ಇಡೀ ಜಲಾನಯನದ ಲೆಕ್ಕದಲ್ಲಿ ದುರಸ್ತಿ ಮಾಡಲು ಅವರು ನೀರಾವರಿ ವಿಭಾಗ ಕಟ್ಟಿದ್ದು. ಅವರ ಹೆಸರಿನ ಕೆರೆ ಕಟ್ಟಿದ್ದು 1882ರಲ್ಲಿ. ಪಕ್ಕದಲ್ಲಿ ಸರ್ಕಾರದ ಗಂಧದ ಕೋಠಿ ಇದ್ದದ್ದರಿಂದ ಜನ ಅದನ್ನು ಗಂಧದ ಕೋಟಿ ಕೆರೆ ಅಂತಲೂ ಕರೆಯುತ್ತಿದ್ದರು.

ಇದೇ ಮನುಷ್ಯ ಆಸ್ಟ್ರೇಲಿಯಾದ ಪತ್ರಿಕೆಗಳಲ್ಲೂ ಸಿಗುತ್ತಾರೆ. 1870ರ ದಶಕದ ಆರಂಭದಲ್ಲಿ ಅಲ್ಲಿನ ವಿಕ್ಟೋರಿಯಾ ಪ್ರಾಂತ್ಯದ ಸರ್ಕಾರ ತನ್ನ ನೀರು ಸರಬರಾಜು ಕಾಮಗಾರಿಗಳ ತಪಾಸಣೆಗೆ ಇವರನ್ನು ಕರೆಸಿಕೊಂಡಿತ್ತು. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ತಾಣದಲ್ಲಿ ಹಳೇ ಪತ್ರಿಕೆಗಳನ್ನು ಪುಕ್ಕಟೆ ಓದಬಹುದು. ರಿಚರ್ಡ್ ಎಂದು ಹುಡುಕಿದರೆ ಪ್ರಯೋಜನವಿಲ್ಲ, ಕರ್ನಲ್ ಸ್ಯಾಂಕಿ ಎಂದು ಹುಡುಕಬೇಕು. ಆ ಕಾಲದ ಪತ್ರಿಕೆಗಳಿಗೆ ಹುದ್ದೆ ಮುಖ್ಯ, ಹೆಸರಲ್ಲ. ಭಾರತದಿಂದ ನಿವೃತ್ತರಾದ ಮೇಲೆ 1884ರಿಂದ 1896ರವರೆಗೆ ಐರ್ಲೆಂಡಿನ ಲೋಕೋಪಯೋಗಿ ಮಂಡಳಿಯ ಅಧ್ಯಕ್ಷರಾಗಿದ್ದು, 1908ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು.

ಅದೇ 1908ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಇನ್ನೊಬ್ಬ ಸ್ಯಾಂಕಿ ತೀರಿಕೊಂಡ. ಅವನು ಇವರಿಗಿಂತ ಜಾಸ್ತಿ ಪ್ರಸಿದ್ಧ. ಐರಾ ಸ್ಯಾಂಕಿ, 1840ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಗಾಯಕ. ಡ್ವೈಟ್ ಮೂಡಿ ಎಂಬ ಪ್ರಚಾರಕನ ಜೊತೆ ಊರೂರು ತಿರುಗಿ ಭಕ್ತಿಗೀತೆ ಹಾಡಿದವನು. 1873ರಲ್ಲಿ ಇಬ್ಬರೂ ಬ್ರಿಟನ್ನಿಗೆ ಹೋದಾಗ ಜನ ಮುಗಿಬಿದ್ದರು. ಅವನ ಹಾಡಿನ ಪುಸ್ತಕ ಮಿಷನರಿಗಳ ಜೊತೆ ಲೋಕವೆಲ್ಲ ಸುತ್ತಿತು. ಜಮೈಕಾದಲ್ಲಂತೂ ಭಕ್ತಿಗೀತೆಗೇ ಸ್ಯಾಂಕಿ ಎನ್ನುತ್ತಾರೆ! ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ಎತ್ತಿಕೊಂಡು ಹಾಡುತ್ತಾರೆ. ಜಮೈಕಾದ ಪತ್ರಿಕೆಯಲ್ಲಿ ಸ್ಯಾಂಕಿ ಎಂದು ಸಿಕ್ಕಿದ್ದೆಲ್ಲ ಮನುಷ್ಯರಲ್ಲ. ಅಮೆರಿಕದ ಕಡೆ ಹೋಗುವವರಿಗೆ ಒಂದು ಮಾತು: ವಲಸೆ ಬಂದವರು ಇಳಿಯುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ ಅಧಿಕಾರಿಗಳು ಬಂದವರ ಹೆಸರು ಬದಲಿಸಿಬಿಟ್ಟರು ಎಂಬ ಕಥೆ ಬಹಳ ಮನೆಗಳಲ್ಲಿದೆ. ಅಲ್ಲಿನವರು ಹಡಗಿನ ಪಟ್ಟಿ ನೋಡಿ ಟಿಕ್ ಹಾಕುತ್ತಿದ್ದರು ಅಷ್ಟೆ. ಹೆಸರು ಬದಲಾದದ್ದು ಆಮೇಲೆ, ಬಹುಪಾಲು ಬಂದವರ ಕೈಯಿಂದಲೇ.

ಇನ್ನು ಜಾನ್ ಸ್ಯಾಂಕಿ. 1866ರಲ್ಲಿ ಗ್ಲಾಸ್ಟರ್‌ಷೈರ್‌ನಲ್ಲಿ ಹುಟ್ಟಿ, 1929ರಿಂದ 1935ರವರೆಗೆ ಬ್ರಿಟನ್ನಿನ ಲಾರ್ಡ್ ಚಾನ್ಸಲರ್, ಅಂದರೆ ನ್ಯಾಯಾಂಗದ ಮುಖ್ಯಸ್ಥ, ಆಗಿದ್ದವರು. ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಒಕ್ಕೂಟ ರಚನೆಯ ಸಮಿತಿಗೆ ಇವರೇ ಅಧ್ಯಕ್ಷರು. ಅದೇ ಪರಿಷತ್ತಿಗೆ ದಕ್ಷಿಣದ ಸಂಸ್ಥಾನಗಳ ಪರವಾಗಿ ಹೋಗಿದ್ದವರು ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್. ಜಾನ್ ಸ್ಯಾಂಕಿ ನಮ್ಮ ಕೆರೆಯ ಸ್ಯಾಂಕಿಯ ಮೊಮ್ಮಗನಿರಬೇಕು ಎಂದು ನನ್ನ ಹತ್ತಿರ ಯಾರೋ ಖಚಿತವಾಗಿ ವಾದಿಸಿದ್ದರು. ಹೆಸರೊಂದೇ ಅವರ ಆಧಾರ. ಈ ಜಾನ್ ಮದುವೆಯಾಗಲಿಲ್ಲ, 1948ರಲ್ಲಿ ತೀರಿಕೊಂಡಾಗ ಅವರ ವಂಶಪಾರಂಪರ್ಯದ ಲಾರ್ಡ್ ಪದವಿಯೂ ಅಲ್ಲಿಗೇ ಮುಗಿಯಿತು.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತಾರೆ. ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಸರ್‌ನೇಮ್‌ನ ಜೊತೆಗೇ ಸಾಗುವುದು ನಿಜ. 2000ದಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಸೈಕ್ಸ್ ಎಂಬ ಹೆಸರಿನ ಗಂಡಸರನ್ನು ಪರೀಕ್ಷಿಸಿದಾಗ ಅರ್ಧಕ್ಕೆ ಸ್ವಲ್ಪ ಕಡಿಮೆ ಜನರಲ್ಲಿ ಒಂದೇ ಗುರುತು ಸಿಕ್ಕಿತು. ಉಳಿದವರೂ ಸೈಕ್ಸ್‌ಗಳೇ, ದತ್ತು ಬಂದವರು, ತಾಯಿಯ ಹೆಸರು ಉಳಿಸಿಕೊಂಡವರು, ಹೀಗೆ. ಮನೆತನದ ಲಾಂಛನ ಅಚ್ಚು ಹಾಕಿದ ಮಗ್ ಮಾರುವವರಿಗೆ ಮಾತ್ರ ಸುಮ್ನೆ ದುಡ್ಡು ಕೊಡಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುವುದು ಒಬ್ಬ ವ್ಯಕ್ತಿಗೆ ಮತ್ತು ಅವನ ಸಂತತಿಗೆ. ಒಂದು ಸರ್‌ನೇಮ್‌ನವರಿಗೆಲ್ಲ ಸೇರಿಸಿ ಲಾಂಛನ ಅಂತ ಇಲ್ಲವೇ ಇಲ್ಲ.

ಊರನ್ನು ಮರೆಯಬಾರದಲ್ಲ. ಅಲ್ಲೇ ಉಳಿದ ಸ್ಯಾಂಕಿ ಎಂಬ ಹೆಸರಿನ ಕಥೆ ನೀರಿನದೇ. 1755ರಲ್ಲಿ ಸ್ಯಾಂಕಿ ತೊರೆಯನ್ನು ದೋಣಿ ಓಡುವ ಹಾಗೆ ಮಾಡಲು ಪಾರ್ಲಿಮೆಂಟ್ ಒಪ್ಪಿತು. ಇಂಜಿನಿಯರ್ ಹೆನ್ರಿ ಬೆರಿ ತೊರೆಯನ್ನು ಬಿಟ್ಟು ಪಕ್ಕದಲ್ಲಿ ಹೊಸ ಕಾಲುವೆಯನ್ನೇ ತೋಡಿಸಿದ. 1757ರಲ್ಲಿ ಕಲ್ಲಿದ್ದಲು ಹೊತ್ತ ದೋಣಿಗಳು ಓಡಿದವು. ಆ ದೋಣಿಗಳಿಗೆ ಎತ್ತರದ ಪಟಸ್ತಂಭ. ಅದಕ್ಕಾಗಿಯೇ ಲಿವರ್‌ಪೂಲ್, ಮ್ಯಾಂಚೆಸ್ಟರ್ ರೈಲು ದಾರಿ ಆ ಕಣಿವೆ ದಾಟುವಾಗ ಇಂಜಿನಿಯರ್ ಜಾರ್ಜ್ ಸ್ಟೀಫನ್‌ಸನ್ ಒಂಬತ್ತು ಕಮಾನಿನ ಅಷ್ಟು ಎತ್ತರದ ಸೇತುವೆ ಕಟ್ಟಬೇಕಾಯಿತು. ಬೆಂಗಳೂರು, ಮೆಲ್ಬರ್ನ್ ಎಲ್ಲ ಕಡೆ ನೀರಿನ ಕೆಲಸ ಮಾಡಿದ ರಿಚರ್ಡ್‌ಗೂ ಈ ಕಾಲುವೆಗೂ ಸಂಬಂಧ ಕಲ್ಪಿಸಲು ನಾನು ಹೋಗಿಲ್ಲ.

ಸದ್ಯ ನನ್ನ ಹತ್ತಿರ ಬೇರೆ ಬೇರೆ ಹಾಳೆಗಳಿವೆ: ಲ್ಯಾಂಕಷೈರ್, ಟಿಪ್ಪರರಿ, ಪೆನ್ಸಿಲ್ವೇನಿಯಾ, ಗ್ಲಾಸ್ಟರ್‌ಷೈರ್. ದಾಖಲೆ ಸಿಗುವವರೆಗೆ ಅವನ್ನು ಅಂಟಿಸುವುದಿಲ್ಲ. ಮುಂದಿನ ಕೆಲಸ ಐರ್ಲೆಂಡಿನ 1926ರ ಜನಗಣತಿ. ನೂರು ವರ್ಷ ತುಂಬಿದ ಮೇಲೆ, ಅಂದರೆ 2026ರ ಏಪ್ರಿಲ್‌ನಿಂದ, ತೆರೆಯುವ ದಾಖಲೆ ಅದು. ಸ್ವಾತಂತ್ರ್ಯ ಬಂದ ಮೇಲೆ ಜಮೀನ್ದಾರಿ ಮನೆತನಗಳು ಬಹಳಷ್ಟು ದೇಶ ಬಿಟ್ಟವು. ಟಿಪ್ಪರರಿಯಲ್ಲಿ ಉಳಿದ ಸ್ಯಾಂಕಿಗಳು ಯಾರು ಎಂದು ಅಲ್ಲಿ ನೋಡಬೇಕು.