ಪಿಸಿ ಗೇಮ್ ಯಾವ ಅಂಗಡಿಯಲ್ಲಿ ಕೊಳ್ಳಬೇಕು? ಬೆಲೆಗಿಂತ ಮೊದಲು ನೆಟ್ಟು, ರೀಫಂಡು

ಸ್ಟೀಮ್, ಎಪಿಕ್, ಜಿಒಜಿ ಮೂರೂ ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿಗಳು. ಒಂದೇ ಗೇಮಿಗೆ ಸ್ಟೀಮ್‌ನಲ್ಲಿ ಒಂದು ಬೆಲೆ, ಎಪಿಕ್‌ನಲ್ಲಿ ಇನ್ನೊಂದು, ಜಿಒಜಿಯಲ್ಲಿ ಡಾಲರ್ ಲೆಕ್ಕ. ಎಲ್ಲಿ ಕಡಿಮೆಯೋ ಅಲ್ಲಿ ಕೊಂಡುಬಿಡಬಹುದು. ಆದರೆ ಗೇಮ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಓಡದೇ ಹೋದರೆ ದುಡ್ಡು ವಾಪಸ್ ಬರುತ್ತದೆಯೇ? ವಾಪಸ್ ಕೇಳುವ ಗಡುವಿನೊಳಗೆ ಅದನ್ನು ಡೌನ್‌ಲೋಡ್ ಮಾಡಿ ಮುಗಿಸಲು ನಿಮ್ಮ ನೆಟ್ ಸಾಕೇ? ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಕೂತು ಕೊಳ್ಳುವವರು ಈ ಎರಡು ಪ್ರಶ್ನೆಗಳನ್ನು ಬೆಲೆಗಿಂತ ಮೊದಲು ಕೇಳಿಕೊಳ್ಳಬೇಕು.

ನೆಟ್‌ನ ಲೆಕ್ಕ

ಗೇಮಿನ ಪುಟದಲ್ಲಿ ಕೆಳಗೆ ಹೋದರೆ ‘ಸಿಸ್ಟಮ್ ರಿಕ್ವೈರ್‌ಮೆಂಟ್ಸ್’ ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ‘ಸ್ಟೋರೇಜ್’ ಎಂದಿರುವ ಸಾಲು ನೋಡಿ. ಅಲ್ಲಿರುವುದು ಇನ್‌ಸ್ಟಾಲ್ ಆದಮೇಲಿನ ಸೈಜ್. ಡೌನ್‌ಲೋಡ್ ಇದಕ್ಕಿಂತ ಸ್ವಲ್ಪ ಕಡಿಮೆ ಇರಬಹುದು. ಆದರೂ ಲೆಕ್ಕಕ್ಕೆ ಅದನ್ನೇ ಹಿಡಿಯಿರಿ.

ನೆಟ್ ಪ್ಲಾನಿನ ಎಂಬಿಪಿಎಸ್ ಅಂಕಿಯನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಇಳಿಯುತ್ತದೆ ಎಂದು ಗೊತ್ತಾಗುತ್ತದೆ. ನವನಗರದಲ್ಲೋ ಟಿಳಕವಾಡಿಯಲ್ಲೋ 40 ಎಂಬಿಪಿಎಸ್ ಫೈಬರ್ ಇದ್ದರೆ ಸೆಕೆಂಡಿಗೆ 5 ಎಂಬಿ. 100 ಜಿಬಿಯ ಗೇಮಿಗೆ ಸುಮಾರು ಐದೂವರೆ ಗಂಟೆ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಸಿದ್ಧ. ಸಿಂದಗಿ, ಅಥಣಿ ಕಡೆಯ ಹಳ್ಳಿಯಲ್ಲಿ ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾ ಮಾತ್ರ ಇದ್ದರೆ ಅದೇ ಗೇಮಿಗೆ 50 ದಿನ ಬೇಕು.

ಈಗ ಇದನ್ನು ರೀಫಂಡ್ ಗಡುವಿನ ಪಕ್ಕ ಇಟ್ಟು ನೋಡಿ. ಸ್ಟೀಮ್ ಮತ್ತು ಎಪಿಕ್ ಎರಡರಲ್ಲೂ ಕೊಂಡ ದಿನದಿಂದ 14 ದಿನ, ಆಡಿದ್ದು 2 ಗಂಟೆಗಿಂತ ಕಡಿಮೆ ಇರಬೇಕು. 14 ದಿನ ಎಣಿಸುವುದು ದುಡ್ಡು ಕಟ್ಟಿದಾಗಿನಿಂದ, ಇನ್‌ಸ್ಟಾಲ್ ಆದಾಗಿನಿಂದ ಅಲ್ಲ. ಮೊಬೈಲ್ ಡೇಟಾದಲ್ಲಿ 14 ದಿನಕ್ಕೆ ಇಳಿಯುವುದು 28 ಜಿಬಿ. ಅದಕ್ಕಿಂತ ದೊಡ್ಡ ಗೇಮನ್ನು ಹೀಗೆ ಕೊಂಡರೆ ಒಮ್ಮೆಯೂ ತೆರೆದು ನೋಡುವ ಮೊದಲೇ ವಾಪಸ್ ಕೇಳುವ ಹಕ್ಕು ಹೋಗಿರುತ್ತದೆ. ಜಿಒಜಿಯಲ್ಲಿ ಗಡುವು 30 ದಿನ, ಆಡಿದ್ದರೂ ಕೇಳಬಹುದು. ನಿಧಾನ ನೆಟ್ ಇರುವವರಿಗೆ ಇದು ನೂರಿನ್ನೂರು ರೂಪಾಯಿ ರಿಯಾಯಿತಿಗಿಂತ ದೊಡ್ಡ ಅನುಕೂಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆ 2 ಗಂಟೆ ಎಲ್ಲಿ ಸೋರುತ್ತದೆ

ಗೇಮ್ ತೆರೆದಿದ್ದರೆ ಸಾಕು, ಗಡಿಯಾರ ಓಡುತ್ತದೆ. ಮೆನುವಿನಲ್ಲಿ ಬಿಟ್ಟು ಊಟಕ್ಕೆ ಎದ್ದು ಹೋದರೂ ಎಣಿಕೆ ನಿಲ್ಲುವುದಿಲ್ಲ. ಮೊದಲ ಸಲ ಶೇಡರ್ (ಗೇಮಿನ ಚಿತ್ರ ಮೂಡಿಸುವ ಸಣ್ಣ ಪ್ರೋಗ್ರಾಂಗಳು) ಸಿದ್ಧವಾಗುವ ಸಮಯವೂ ಇದರಲ್ಲೇ ಸೇರುತ್ತದೆ. ಹಳೆಯ ಪ್ರೊಸೆಸರಿನಲ್ಲಿ ಇದಕ್ಕೇ ಅರ್ಧ ಗಂಟೆ ಹೋಗಬಹುದು. ಇನ್ನೂ ಕೆಟ್ಟದ್ದೆಂದರೆ, ಕೆಲವು ಗೇಮುಗಳು ಅಂಗಡಿಯಿಂದ ಸಣ್ಣ ಫೈಲ್ ಮಾತ್ರ ಇಳಿಸಿಕೊಂಡು, ತೆರೆದ ಮೇಲೆ ಒಳಗಿನಿಂದ ಉಳಿದದ್ದನ್ನು ಇಳಿಸುತ್ತವೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಸ್ಟೀಮ್‌ನಲ್ಲಿ ಹೀಗೇ ಬಂತು. 40 ಎಂಬಿಪಿಎಸ್ ನೆಟ್‌ನಲ್ಲಿ ವಿಮಾನ ರನ್‌ವೇಗೆ ಬರುವ ಮೊದಲೇ 2 ಗಂಟೆ ಮುಗಿಯುತ್ತದೆ.

ಹಾಗಾಗಿ ಮೊದಲ ಅರ್ಧ ಗಂಟೆ ಆಡಲು ಅಲ್ಲ, ಪರೀಕ್ಷೆಗೆ ಎಂದು ತಿಳಿಯಿರಿ. ತೆರೆದು, ರೆಸಲ್ಯೂಷನ್ ಇಳಿಸಿ, ಎಲ್ಲ ಸೆಟ್ಟಿಂಗ್ ‘ಲೋ’ ಮಾಡಿ, ಗದ್ದಲ ಇರುವ ಜಾಗದವರೆಗೆ ಆಡಿ ನೋಡಿ. ಅಷ್ಟು ಇಳಿಸಿದರೂ ಎಳೆಯುತ್ತಿದ್ದರೆ ಪೂರ್ತಿ ಮುಚ್ಚಿ ರೀಫಂಡ್ ಕೇಳಿ. ಸ್ಟೀಮ್‌ನಲ್ಲಿ ‘ಹೆಲ್ಪ್’ ಮೆನುವಿನಿಂದ ‘ಸ್ಟೀಮ್ ಸಪೋರ್ಟ್’, ಅಲ್ಲಿ ‘ಪರ್ಚೇಸಸ್’, ಗೇಮ್ ಆರಿಸಿ ರೀಫಂಡ್ ಆಯ್ಕೆ ಒತ್ತಿ. ದುಡ್ಡು ಕಟ್ಟಿದ ದಾರಿಯಲ್ಲೇ ಬೇಕೋ, ಸ್ಟೀಮ್ ವಾಲೆಟ್ಟಿಗೆ ಬೇಕೋ ಎಂದು ಕೇಳುತ್ತದೆ. ವಾಲೆಟ್ಟಿಗೆ ಹೋದದ್ದನ್ನು ಮತ್ತೆ ಬ್ಯಾಂಕಿಗೆ ತರಲಾಗದು, ಅಲ್ಲೇ ಖರ್ಚು ಮಾಡಬೇಕು. ಕೊಂಡ ವಾರದೊಳಗೇ ಸೇಲ್ ಬಂದು ಬೆಲೆ ಇಳಿದರೆ ವಾಪಸ್ ಕೊಟ್ಟು ಮತ್ತೆ ಕಡಿಮೆ ಬೆಲೆಗೆ ಕೊಳ್ಳಬಹುದು. ಇದನ್ನು ದುರುಪಯೋಗ ಎಂದು ಎಣಿಸುವುದಿಲ್ಲ ಎಂದು ಸ್ಟೀಮ್ ತನ್ನ ನಿಯಮದಲ್ಲೇ ಹೇಳಿದೆ.

ಬೆಲೆ ಹೋಲಿಸುವಾಗ

ಸ್ಟೀಮ್ 2015ರಿಂದ ಭಾರತದಲ್ಲಿ ರೂಪಾಯಿಯಲ್ಲಿ ಮಾರುತ್ತಿದೆ, ಯುಪಿಐ ನಡೆಯುತ್ತದೆ. ಎಪಿಕ್‌ನಲ್ಲೂ ರೂಪಾಯಿ ಬೆಲೆ ಇದೆ. ಜಿಒಜಿ ಡಾಲರ್‌ನಲ್ಲಿ ತೋರಿಸುತ್ತದೆ, ಅದಕ್ಕೆ ಅಂತರರಾಷ್ಟ್ರೀಯ ಪಾವತಿ ತೆರೆದಿರುವ ಕಾರ್ಡ್ ಬೇಕು. ಹೊಸ ಕಾರ್ಡುಗಳಲ್ಲಿ ಈ ಸೌಲಭ್ಯ ಮುಚ್ಚಿಯೇ ಬರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ‘ಇಂಟರ್‌ನ್ಯಾಷನಲ್’ ಆನ್ ಮಾಡಿ, ಮಿತಿಯನ್ನು ಎರಡು ಸಾವಿರಕ್ಕೆ ಇಟ್ಟು, ಕೊಂಡ ಕೂಡಲೇ ಆಫ್ ಮಾಡಿ.

ಡಾಲರ್ ಬೆಲೆಯ ಮೇಲೆ ಬ್ಯಾಂಕಿನ ಶುಲ್ಕ ಕೂಡಲು ಮರೆಯಬೇಡಿ. 20 ಡಾಲರ್ ಗೇಮ್, ಡಾಲರ್‌ಗೆ 88 ರೂಪಾಯಿ ಹಿಡಿದರೆ 1,760. ಶೇ. 3.5 ಶುಲ್ಕ 61 ರೂಪಾಯಿ 60 ಪೈಸೆ, ಆ ಶುಲ್ಕದ ಮೇಲೆ ಶೇ. 18 ಜಿಎಸ್‌ಟಿ ಸುಮಾರು 11 ರೂಪಾಯಿ. ಒಟ್ಟು 1,833ರ ಹತ್ತಿರ. ಇದನ್ನು ಸ್ಟೀಮ್‌ನ ರೂಪಾಯಿ ಬೆಲೆಯ ಜೊತೆ ಇಟ್ಟು ನೋಡಿ.

ಹಳೆಯ ಬೆಲೆ ತಿಳಿಯಲು ಸ್ಟೀಮ್‌ಡಿಬಿ ಮತ್ತು ಈಸ್‌ದೇರ್‌ಎನಿಡೀಲ್ ಎರಡು ತಾಣಗಳು ಸಾಕು. ದೇಶ ‘ಇಂಡಿಯಾ’ ಎಂದು ಆರಿಸಿಕೊಳ್ಳದಿದ್ದರೆ ಅಮೆರಿಕದ ಬೆಲೆ ಕಾಣಿಸಿ ದಾರಿ ತಪ್ಪಿಸುತ್ತದೆ. ಎರಡನೆಯದು ಗೇಮ್ ಕಂಪನಿಯಿಂದ ಅಧಿಕೃತವಾಗಿ ಕೀ (ಅಕೌಂಟಿಗೆ ಹಾಕಿದರೆ ಗೇಮ್ ಸಿಗುವ ಕೋಡ್) ಪಡೆದ ಅಂಗಡಿಗಳನ್ನಷ್ಟೇ ತೋರಿಸುತ್ತದೆ: ಹಂಬಲ್, ಫನಾಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್ ಮುಂತಾದವು. ಅಲ್ಲಿ ಕೊಳ್ಳುವ ಮೊದಲು ಆ ಕೀ ಭಾರತದಲ್ಲಿ ಆ್ಯಕ್ಟಿವೇಟ್ ಆಗುತ್ತದೆಯೇ ಎಂಬ ಸಾಲು ಓದಿ. ಹೊರಗೆ ಕೊಂಡ ಕೀಯನ್ನು ಸ್ಟೀಮ್‌ಗೆ ಹಾಕಿದರೆ ಸ್ಟೀಮ್ ರೀಫಂಡ್ ಕೊಡುವುದಿಲ್ಲ.

ಯಾರು ಬೇಕಾದರೂ ಕೀ ಮಾರಬಹುದಾದ ಸಂತೆಯಂಥ ತಾಣಗಳಿಗೆ ಹೋಗಬೇಡಿ. ಕದ್ದ ಕಾರ್ಡಿನಿಂದ ಕೊಂಡ ಕೀ ಆಗಿದ್ದರೆ ಕಂಪನಿ ಅದನ್ನು ರದ್ದು ಮಾಡುತ್ತದೆ, ಗೇಮ್ ನಿಮ್ಮ ಲೈಬ್ರರಿಯಿಂದ ಹೋಗುತ್ತದೆ. ನೂರೈವತ್ತು ರೂಪಾಯಿಗೆ ಯಾರದೋ ಸ್ಟೀಮ್ ಅಕೌಂಟಿನಲ್ಲಿ ಲಾಗಿನ್ ಮಾಡಿಸಿ ‘ಆಫ್‌ಲೈನ್’ ಆಡಿಸುವ ವ್ಯವಹಾರವೂ ಅಷ್ಟೇ ಅಪಾಯ: ಅಕೌಂಟ್ ಬೇರೆಯವರಿಗೆ ಕೊಡುವುದು ನಿಯಮಕ್ಕೆ ವಿರುದ್ಧ, ಒಮ್ಮೆ ಆನ್‌ಲೈನ್ ಆದರೆ ಗೇಮ್ ಹೋಯಿತು, ಅಲ್ಲಿಯವರೆಗೆ ಆಡಿದ್ದರ ಸೇವ್ ಕೂಡ ಹೋಗಬಹುದು. ವಿಪಿಎನ್ (ನೀವು ಬೇರೆ ದೇಶದಲ್ಲಿದ್ದಂತೆ ತೋರಿಸುವ ಆ್ಯಪ್) ಹಾಕಿ ಬೇರೆ ದೇಶದ ಬೆಲೆಗೆ ಕೊಂಡರೆ ನಿಮ್ಮದೇ ಅಕೌಂಟಿಗೆ ನಿರ್ಬಂಧ ಬೀಳಬಹುದು.

ಯುಪಿಐ ಪೇಮೆಂಟ್ ‘ಪೆಂಡಿಂಗ್’ ಎಂದು ನಿಂತರೆ ಮತ್ತೊಮ್ಮೆ ಕಟ್ಟಬೇಡಿ. ಮೊದಲು ಅಕೌಂಟಿನ ‘ಪರ್ಚೇಸ್ ಹಿಸ್ಟರಿ’ ನೋಡಿ. ದುಡ್ಡು ಕಡಿತವಾಗಿ ಅಂಗಡಿಗೆ ತಲುಪದಿದ್ದರೆ ಆರ್‌ಬಿಐನ 2019ರ ನಿಯಮದ ಪ್ರಕಾರ 5 ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆದ್ದರಿಂದ ವ್ಯವಹಾರದ ನಂಬರಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಎಪಿಕ್ ಪ್ರತಿ ಗುರುವಾರ ಪುಕ್ಕಟೆ ಗೇಮ್ ಕೊಡುತ್ತದೆ. ನಮ್ಮ ಗಡಿಯಾರದಲ್ಲಿ ರಾತ್ರಿ 8:30, ಅಮೆರಿಕದಲ್ಲಿ ಚಳಿಗಾಲದ ಸಮಯ ಇದ್ದಾಗ 9:30. ಆ ವಾರದಲ್ಲಿ ‘ಗೆಟ್’ ಒತ್ತಿ ಲೈಬ್ರರಿಗೆ ಸೇರಿಸಿಕೊಂಡರೆ ಸಾಕು, ಡೌನ್‌ಲೋಡ್ ಯಾವಾಗ ಬೇಕಾದರೂ ಮಾಡಬಹುದು. ಫೋನಿನ ಬ್ರೌಸರಿನಿಂದಲೂ ಇದು ಆಗುತ್ತದೆ.

ಕೈಯಲ್ಲಿ ಏನು ಉಳಿಯುತ್ತದೆ

ಸ್ಟೀಮ್‌ನಲ್ಲಿ ಕೊಳ್ಳುವುದು ಲೈಸೆನ್ಸ್, ಅಂದರೆ ಆಡುವ ಅನುಮತಿ ಮಾತ್ರ. 2024ರಿಂದ ಕಾರ್ಟ್ ಪುಟದಲ್ಲೇ ಹಾಗೆಂದು ಬರೆದಿರುತ್ತದೆ. ಜಿಒಜಿಯಲ್ಲಿಯೂ ಲೈಸೆನ್ಸೇ, ಆದರೆ ಇನ್‌ಸ್ಟಾಲರ್ ಫೈಲನ್ನು ಹಾರ್ಡ್‌ಡಿಸ್ಕಿಗೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ, ಅಂಗಡಿ ಕೇಳದೆಯೂ ಇನ್‌ಸ್ಟಾಲ್ ಆಗುತ್ತದೆ. ಕಾಲೇಜಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಊರಿಗೆ ಒಯ್ಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ದೊಡ್ಡ ಗೇಮಿನ ಇನ್‌ಸ್ಟಾಲರ್ ತಲಾ 4 ಜಿಬಿಯ ತುಂಡುಗಳಾಗಿ ಬರುತ್ತದೆ. ಎಲ್ಲ ತುಂಡುಗಳೂ ಒಂದೇ ಫೋಲ್ಡರಿನಲ್ಲಿರಬೇಕು, ಒಂದು ಕೆಟ್ಟರೂ ಇನ್‌ಸ್ಟಾಲ್ ನಿಲ್ಲುತ್ತದೆ. ಬ್ರೌಸರಿನಲ್ಲಿ ಇಳಿಸುವಾಗ ಕರೆಂಟ್ ಹೋದರೆ ಆ ತುಂಡನ್ನು ಮೊದಲಿನಿಂದ ಇಳಿಸಬೇಕಾಗಬಹುದು, ಹಾಗಾಗಿ ಜಿಒಜಿ ಗ್ಯಾಲಕ್ಸಿ ಆ್ಯಪ್ ಬಳಸಿ. ಕೊರತೆಯೂ ಇದೆ: ಹೊಸ ದೊಡ್ಡ ಗೇಮುಗಳು ಇಲ್ಲಿಗೆ ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ, ಸ್ಟೀಮ್ ವರ್ಕ್‌ಶಾಪ್‌ನ ಮಾಡ್‌ಗಳು (ಆಟಗಾರರು ತಾವೇ ಮಾಡಿ ಹಂಚುವ ಬದಲಾವಣೆಗಳು) ಸಿಗುವುದಿಲ್ಲ.

ಸ್ಟೀಮ್ ಗೇಮನ್ನೂ ನಕಲು ಮಾಡಬಹುದು. ಅದೇ ಗೇಮ್ ಇರುವ ಗೆಳೆಯನ ಕಂಪ್ಯೂಟರಿನಿಂದ ‘ಸ್ಟೀಮ್‌ಆ್ಯಪ್ಸ್’ ಒಳಗಿನ ‘ಕಾಮನ್’ ಫೋಲ್ಡರಿಗೆ ಹೋಗಿ ಗೇಮಿನ ಫೋಲ್ಡರ್ ತಂದು, ನಿಮ್ಮಲ್ಲಿ ಅದೇ ಜಾಗಕ್ಕೆ ಹಾಕಿ, ಆಮೇಲೆ ‘ಇನ್‌ಸ್ಟಾಲ್’ ಒತ್ತಿ. ಸ್ಟೀಮ್ ಇರುವ ಫೈಲುಗಳನ್ನು ಪರೀಕ್ಷಿಸಿ ಇಲ್ಲದ್ದನ್ನಷ್ಟೇ ಇಳಿಸುತ್ತದೆ. ಗೇಮ್ ನಿಮ್ಮ ಅಕೌಂಟಿನಲ್ಲೂ ಇರಬೇಕು ಎಂಬುದೊಂದೇ ಷರತ್ತು. ಎಪಿಕ್‌ನಲ್ಲಿ ಕ್ರಮ ಬೇರೆ: ಮೊದಲು ಡೌನ್‌ಲೋಡ್ ಶುರು ಮಾಡಿ, ಶೇ. 2–3 ಆದಾಗ ನಿಲ್ಲಿಸಿ, ಎಪಿಕ್ ಮುಚ್ಚಿ, ಫೈಲುಗಳನ್ನು ಹಾಕಿ, ಮತ್ತೆ ತೆರೆದು ಮುಂದುವರಿಸಿ.

ಹೆಸ್ಕಾಂ ಕರೆಂಟ್ ನಡುವೆ ಹೋದರೂ ಸ್ಟೀಮ್ ಡೌನ್‌ಲೋಡ್ ನಿಂತಲ್ಲಿಂದ ಮುಂದುವರಿಯುತ್ತದೆ. ಫೈಲ್ ಕೆಟ್ಟು ಗೇಮ್ ತೆರೆಯದಿದ್ದರೆ ಇಡೀ ಗೇಮ್ ಅಳಿಸಬೇಡಿ. ಹೆಸರಿನ ಮೇಲೆ ರೈಟ್ ಕ್ಲಿಕ್, ‘ಪ್ರಾಪರ್ಟೀಸ್’, ‘ಇನ್‌ಸ್ಟಾಲ್ಡ್ ಫೈಲ್ಸ್’, ಅಲ್ಲಿ ‘ವೆರಿಫೈ’ ಒತ್ತಿದರೆ ಕೆಟ್ಟದ್ದನ್ನಷ್ಟೇ ಮತ್ತೆ ಇಳಿಸುತ್ತದೆ. ನೆಟ್ ಇಲ್ಲದ ಕಡೆ ಹೋಗುವ ಮುಂಚೆ ಗೇಮನ್ನು ಪೂರ್ತಿ ಅಪ್‌ಡೇಟ್ ಮಾಡಿ, ಆನ್‌ಲೈನ್ ಇದ್ದಾಗಲೇ ಒಮ್ಮೆ ತೆರೆದು ಮುಚ್ಚಿ, ಆಮೇಲೆ ‘ಗೋ ಆಫ್‌ಲೈನ್’ ಒತ್ತಿ. ಸ್ಟೋರ್ ಪುಟದ ಬಲಬದಿಯಲ್ಲಿ ಬೇರೆ ಕಂಪನಿಯ ಅಕೌಂಟ್ ಬೇಕು ಎಂದೋ, ಡೆನುವೋ (ನಕಲು ತಡೆಯುವ ತಂತ್ರಾಂಶ) ಎಂದೋ ಬರೆದಿದ್ದರೆ ಆ ಗೇಮಿಗೆ ಆಗಾಗ ನೆಟ್ ಬೇಕಾಗಬಹುದು. ಹಳ್ಳಿಮನೆಯ ಕಂಪ್ಯೂಟರಿಗೆ ಅಂಥ ಗೇಮ್ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ.